ನಾಗಸ್ವರ ಕಲಿಯಲು ಬಂದ ಸ್ಯಾಕ್ಸೊಫೋನ್ ವಾದಕ

ಜಾಜ್ ಸಂಗೀತವೆಂದೊಡನೆ ನಮ್ಮಲ್ಲಿ ಹಲವರು ಮೂಗು ಮುರಿಯುವುದುಂಟು. ಅದು ದೊಡ್ಡ ಹೋಟೆಲುಗಳ ಕುಣಿತಕ್ಕೆಂದೇ ಹುಟ್ಟಿದ ಗದ್ದಲವೆಂದು ಕೆಲವರು, ಶ್ರುತಿಯೂ ಇಲ್ಲದ ಶಾಸ್ತ್ರವೂ ಇಲ್ಲದ ಊದಾಟವೆಂದು ಮತ್ತೆ ಕೆಲವರು ಹೇಳುವುದನ್ನು ನಮ್ಮ ವಿದ್ಯಾರ್ಥಿನಿಲಯದಲ್ಲಿಯೇ ಕೇಳಿದ್ದೇನೆ. ಅಂಥ ಸಂಗೀತದಲ್ಲಿ ಹೆಸರು ಮಾಡಿದ ಅಮೆರಿಕದ ವಾದಕರೊಬ್ಬರು ನಡುವಯಸ್ಸು ದಾಟುವ ಹೊತ್ತಿಗೆ ನಮ್ಮ ನಾಗಸ್ವರವನ್ನು ಕೈಗೆತ್ತಿಕೊಂಡು, ಶಿಷ್ಯನಂತೆ ಕುಳಿತು ಕಲಿತು, ಕೊನೆಗೆ ಬೆಂಗಳೂರಿನ ಕಲಾವಿದರ ಜೊತೆಯಲ್ಲಿ ಒಂದು ಅಪೂರ್ವವಾದ ಧ್ವನಿಮುದ್ರಿಕೆಯನ್ನು ಮಾಡಿದರು ಎಂದರೆ ನಂಬುವುದು ಕಷ್ಟವಾದೀತು. ಚಾರ್ಲಿ ಮಾರಿಯಾನೊ ಎಂಬ ಆ ಕಲಾವಿದರ ಸಂಗೀತಯಾತ್ರೆಯನ್ನು ವಾಚಕರಿಗೆ ಪರಿಚಯಿಸಬೇಕೆಂಬುದೇ ಈ ಲೇಖನದ ಉದ್ದೇಶ. ನಾನು ಸಂಗೀತಶಾಸ್ತ್ರವನ್ನು ಓದಿದವನಲ್ಲ. ಕೇಳುವ ಹುಚ್ಚು ಮಾತ್ರ ಉಳ್ಳವನು.

ಮಾರಿಯಾನೊ ಹುಟ್ಟಿದ್ದು 1923ರ ನವೆಂಬರ್ 12ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ತಂದೆತಾಯಿಗಳು ಇಟಲಿಯಿಂದ ವಲಸೆ ಬಂದವರು. ಅವರಿಟ್ಟ ಹೆಸರು ಕಾರ್ಮಿನೆ ಉಗೊ. ‘ಚಾರ್ಲಿ’ ಎಂಬುದು ರೂಢಿಯಲ್ಲಿ ಬಂದದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದು, ಅಲ್ಲಿಂದ ಬಂದ ಮೇಲೆ ಬಾಸ್ಟನ್ನಿನ ಷಿಲಿಂಗರ್ ಹೌಸ್ ಎಂಬ ಸಂಗೀತಶಾಲೆಯಲ್ಲಿ ಕಲಿತರು. ಇಂದು ಬರ್ಕ್ಲಿ ಎಂಬ ಹೆಸರಿನಿಂದ ಜಗತ್ಪ್ರಸಿದ್ಧವಾಗಿರುವ ಸಂಗೀತ ಕಾಲೇಜು ಅದೇ. ಆ ದಿನಗಳಲ್ಲಿ ಆಲ್ಟೊ ಸ್ಯಾಕ್ಸೊಫೋನ್ ಹಿಡಿದ ಯುವಕರಿಗೆಲ್ಲ ಚಾರ್ಲಿ ಪಾರ್ಕರ್ ಅವರೇ ಆದರ್ಶ. ನಮ್ಮ ನಾಯಕನೂ ಆ ದಾರಿಯನ್ನೇ ಹಿಡಿದರು.

ಇಲ್ಲಿ ಜಾಜ್ ವಾದಕ ವೇದಿಕೆಯ ಮೇಲೆ ಮಾಡುವುದೇನು ಎಂಬುದನ್ನು ಸ್ವಲ್ಪ ವಿವರಿಸಬೇಕು. ಅದು ತಿಳಿಯದೆ ಮುಂದಿನ ಕಥೆಯ ಸ್ವಾರಸ್ಯ ತಿಳಿಯದು. ಜಾಜ್‌ನಲ್ಲಿ ಮೊದಲು ಎಲ್ಲರೂ ಸೇರಿ ಒಂದು ಹಾಡಿನ ಧಾಟಿಯನ್ನು ನುಡಿಸುತ್ತಾರೆ. ಅನಂತರ ಒಬ್ಬೊಬ್ಬನೂ ಆ ಹಾಡಿನ ಹಂದರದ ಮೇಲೆ ತನ್ನ ಕಲ್ಪನೆಯನ್ನು ಹರಿಯಬಿಡುತ್ತಾನೆ. ಆ ಹಂದರವೆಂದರೆ ಸ್ವರಗುಚ್ಛಗಳ ಸಾಲು. ಪಿಯಾನೊ ವಾದಕ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತಿ ಒಂದು ಗುಚ್ಛವನ್ನು ಕೊಡುತ್ತಾನೆ. ಎರಡು ಮಾತ್ರೆ ಕಳೆಯುವಷ್ಟರಲ್ಲಿ ಅದು ಬದಲಾಗುತ್ತದೆ. ಸ್ಯಾಕ್ಸೊಫೋನ್ ಊದುವವನ ಕಾಲ ಕೆಳಗಿನ ನೆಲವೇ ಸರಿಯುತ್ತಿರುತ್ತದೆನ್ನಿ. ಸರಿಯುವ ನೆಲದ ಮೇಲೆ ಬೀಳದೆ ಓಡುವುದೇ ಅವನ ಜಾಣ್ಮೆ. ನಮ್ಮಲ್ಲಾದರೋ ತಂಬೂರಿಯ ಷಡ್ಜ ಅಲುಗುವುದಿಲ್ಲ. ನೆಲ ಸ್ಥಿರ, ಆದರೆ ಒಂದೊಂದು ಸ್ವರವನ್ನೂ ಎಷ್ಟು ತೂಗಬೇಕು, ಎಲ್ಲಿಂದ ಜಾರಿಸಬೇಕು, ಎಲ್ಲಿ ನಿಲ್ಲಬಾರದು ಎಂಬುದರಲ್ಲಿ ರಾಗದ ಪ್ರಾಣವಿದೆ. ಎರಡೂ ಮನೋಧರ್ಮ ಸಂಗೀತಗಳೇ. ಆದರೆ ಒಂದರ ಕಷ್ಟ ಇನ್ನೊಂದರ ಕಷ್ಟವಲ್ಲ. ಒಂದರಲ್ಲಿ ಪಳಗಿದವನು ಇನ್ನೊಂದಕ್ಕೆ ಬಂದರೆ ಅರ್ಧ ದಾರಿ ನಡೆದಂತಾಯಿತೆಂದು ಭಾವಿಸುವುದು ಸುಲಭ, ಅದು ನಿಜವಲ್ಲ.

1950ರ ದಶಕದಲ್ಲಿ ಮಾರಿಯಾನೊ ಸ್ಟ್ಯಾನ್ ಕೆಂಟನ್ ಅವರ ದೊಡ್ಡ ವಾದ್ಯಗೋಷ್ಠಿಯಲ್ಲಿ ಪ್ರಮುಖ ವಾದಕರಾಗಿದ್ದರು. ಮುಂದೆ, ಜಪಾನಿನಿಂದ ಬಾಸ್ಟನ್ನಿಗೆ ಕಲಿಯಲು ಬಂದಿದ್ದ ತೊಷಿಕೊ ಅಕಿಯೊಷಿ ಎಂಬ ಪ್ರತಿಭಾವಂತ ಪಿಯಾನೊ ವಾದಕಿಯನ್ನು 1959ರಲ್ಲಿ ವಿವಾಹವಾದರು; ಇಬ್ಬರೂ ಸೇರಿ ತಂಡ ಕಟ್ಟಿದರು, ಕೆಲವು ಕಾಲ ಜಪಾನಿನಲ್ಲಿಯೂ ಇದ್ದರು. ಆ ದಾಂಪತ್ಯ 1967ರ ಹೊತ್ತಿಗೆ ಮುಗಿಯಿತು. 1963ರಲ್ಲಿ ಚಾರ್ಲ್ಸ್ ಮಿಂಗಸ್ ಅವರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ ಎಂಬ ಧ್ವನಿಮುದ್ರಿಕೆಯಲ್ಲಿ ಮಾರಿಯಾನೊ ಅವರ ಆಲ್ಟೊ ಕೇಳಿಬರುತ್ತದೆ. ಜಾಜ್‌ನ ಶ್ರೇಷ್ಠ ಕೃತಿಗಳಲ್ಲಿ ಅದೊಂದೆಂದು ಬಲ್ಲವರು ಎಣಿಸುತ್ತಾರೆ. ಅದರಲ್ಲಿ ಈ ವಾದ್ಯ ಅಳುವ ರೀತಿಯನ್ನು ಕೇಳಿದವರು, ಜಾಜ್ ಬರಿಯ ಗದ್ದಲವೆಂಬ ಮಾತನ್ನು ಮತ್ತೆ ಆಡಲಾರರು. ಇಷ್ಟು ಹೊತ್ತಿಗೆ ಅವರಿಗೆ ನಾಲ್ವತ್ತು ವರ್ಷ ತುಂಬುತ್ತ ಬಂದಿತ್ತು. 1965ರಿಂದ ಬರ್ಕ್ಲಿಯಲ್ಲಿ ಅಧ್ಯಾಪಕರೂ ಆದರು. ಸಂಪಾದಿಸಿದ ಕೀರ್ತಿಯನ್ನು ಕಾಯ್ದುಕೊಂಡು ಕುಳಿತಿದ್ದರೂ ಜೀವನ ಸುಖವಾಗಿಯೇ ಕಳೆಯುತ್ತಿತ್ತು.

ಆದರೆ 1960ರ ದಶಕದ ಉತ್ತರಾರ್ಧದಲ್ಲಿ ಅವರು ಮಲೇಷಿಯಾಕ್ಕೆ ಹೋದರು. ಅಲ್ಲಿನ ರೇಡಿಯೋ ವಾದ್ಯಗೋಷ್ಠಿಗೆ ಶಿಕ್ಷಣ ಕೊಡುವುದು ಅವರ ಕೆಲಸ. ಹೋದದ್ದು ಕಲಿಸಲು, ಬಂದದ್ದು ಕಲಿಯುವ ಹಂಬಲ ಹೊತ್ತು. ಮಲೇಷಿಯಾದ ರಬ್ಬರ್ ತೋಟಗಳಿಗೆ ದುಡಿಯಲು ಹೋದ ತಮಿಳರು ತಮ್ಮ ದೇವರನ್ನೂ ದೇವರ ಉತ್ಸವಗಳನ್ನೂ ಜೊತೆಗೇ ಒಯ್ದಿದ್ದರಷ್ಟೆ. ದೇವಸ್ಥಾನವಿದ್ದ ಮೇಲೆ ನಾಗಸ್ವರವಿಲ್ಲದೆ ನಡೆಯುವುದೇ? ಆ ನಾದ ಮಾರಿಯಾನೊ ಅವರ ಕಿವಿಗೆ ಬಿದ್ದದ್ದು ಅಲ್ಲಿ.

ನಾಗಸ್ವರವನ್ನು ನಾವು ಮದುವೆ ಮನೆಯ ವಾಲಗವೆಂದೇ ಬಲ್ಲೆವು. ಚಪ್ಪರದ ಒಂದು ಮೂಲೆಯಲ್ಲಿ ವಾದಕರನ್ನು ಕೂರಿಸಿ, ಮಾಂಗಲ್ಯಧಾರಣೆಯ ಹೊತ್ತಿಗೆ ಪುರೋಹಿತರು ಬೆರಳೆತ್ತಿ ಸನ್ನೆ ಮಾಡಿದಾಗ ಗಟ್ಟಿಮೇಳ ಕೇಳಿ, ಮಿಕ್ಕ ಹೊತ್ತೆಲ್ಲ ಅದರ ಮೇಲೆಯೇ ಜೋರಾಗಿ ಹರಟೆ ಹೊಡೆಯುವವರು ನಾವು. ಆ ವಾದಕ ಬೆಳಗಿನಿಂದ ಯಾವ ಯಾವ ರಾಗ ನುಡಿಸಿದನೆಂದು ಊಟದ ಪಂಕ್ತಿಯಲ್ಲಿ ಯಾರಾದರೂ ವಿಚಾರಿಸಿದ್ದನ್ನು ನಾನಂತೂ ಕಂಡಿಲ್ಲ. ಸಾವಿರಾರು ಮೈಲಿ ದೂರದ ಒಬ್ಬ ವಾದಕ ಅದನ್ನೇ ಕೇಳಿ ಬೆರಗಾಗಿ ನಿಂತರೆಂಬುದು ನನ್ನನ್ನು ಯೋಚನೆಗೆ ಹಚ್ಚಿದ ಸಂಗತಿ.

ಸ್ಯಾಕ್ಸೊಫೋನಿಗೂ ನಾಗಸ್ವರಕ್ಕೂ ಇರುವ ಅಂತರ ಸಣ್ಣದಲ್ಲ. ಸ್ಯಾಕ್ಸೊಫೋನ್ ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ ನಿರ್ಮಿಸಿ, 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕು ಪಡೆದುಕೊಂಡ ವಾದ್ಯ. ಕೊಳವೆ ಹಿತ್ತಾಳೆಯದು, ಬಾಯಿಗೆ ಇಡುವ ಕಡೆ ಜೊಂಡಿನ ಒಂದೇ ಪಟ್ಟಿ, ಮೈತುಂಬ ಕೀಗಳು. ಒಂದು ಕೀ ಒತ್ತಿದರೆ ರಂಧ್ರ ಪೂರ್ತಿ ಮುಚ್ಚುತ್ತದೆ, ಬಿಟ್ಟರೆ ಪೂರ್ತಿ ತೆರೆಯುತ್ತದೆ. ಹೀಗಾಗಿ ಸ್ವರಗಳು ಮೆಟ್ಟಿಲುಗಳಂತೆ ಬೇರೆ ಬೇರೆಯಾಗಿ ನಿಲ್ಲುತ್ತವೆ. ನಾಗಸ್ವರ ಗಟ್ಟಿ ಮರದ್ದು. ಅದರ ಪೀಪಿಯಲ್ಲಿ ಜೊಂಡಿನ ಎರಡು ಎಲೆಗಳು ಒಂದನ್ನೊಂದು ಬಡಿಯುತ್ತವೆ. ಕೀಗಳೆಂಬುವೇ ಇಲ್ಲ. ಬೆರಳಿಟ್ಟು ನುಡಿಸಲು ಇರುವುದು ಏಳೇ ರಂಧ್ರ. ರಂಧ್ರವನ್ನು ಅರ್ಧ ಮುಚ್ಚಿ, ಕಾಲು ತೆರೆದು, ತುಟಿಯ ಬಿಗಿಯನ್ನೂ ಉಸಿರಿನ ಒತ್ತಡವನ್ನೂ ಏರಿಸಿ ಇಳಿಸಿ ಗಮಕಗಳನ್ನು ತರಬೇಕು. ಸ್ಯಾಕ್ಸೊಫೋನಿನಲ್ಲಿ ಯಂತ್ರ ಮಾಡುವ ಕೆಲಸದ ಬಹುಭಾಗ ಇಲ್ಲಿ ಮನುಷ್ಯನ ತುಟಿ, ಬೆರಳುಗಳ ಪಾಲಿನದು. ಇಪ್ಪತ್ತೈದು ವರ್ಷ ಸ್ಯಾಕ್ಸೊಫೋನ್ ಊದಿದ ತುಟಿ ಈ ಪೀಪಿಗೆ ಒಗ್ಗಲು ಮೊದಲಿನಿಂದ ಅಭ್ಯಾಸ ಮಾಡಬೇಕು. ಹೆಸರಾಂತ ವಾದಕನೊಬ್ಬ ಅಪಸ್ವರಗಳ ನಡುವೆ ಮತ್ತೆ ಸರಳೆವರಸೆಯ ಹುಡುಗನಾಗಲು ಒಪ್ಪುವುದೆಂದರೆ ಸಾಮಾನ್ಯವೇ?

ಮಾರಿಯಾನೊ ಒಪ್ಪಿದರು. ಮಲೇಷಿಯಾದಲ್ಲಿ ಆರಂಭಿಸಿದ ಅಭ್ಯಾಸವನ್ನು ಮುಂದುವರಿಸಲು 1973ರಲ್ಲಿ ದಕ್ಷಿಣ ಭಾರತಕ್ಕೆ ಬಂದು ಕೆಲವು ತಿಂಗಳು ಇಲ್ಲಿಯೇ ಇದ್ದು ಕಲಿತರು. ಆಗ ಅವರ ವಯಸ್ಸು ಐವತ್ತರ ಅಂಚಿನಲ್ಲಿ. ಈ ನಡುವೆ 1971ರಲ್ಲಿ ಅಮೆರಿಕವನ್ನು ಬಿಟ್ಟು ಯೂರೋಪಿಗೆ ಹೋಗಿದ್ದರು. ಮುಂದೆ ಜರ್ಮನಿಯ ಕಲೋನ್ ನಗರವೇ ಅವರ ಮನೆಯಾಯಿತು. ಅಲ್ಲಿ ಅವರು ಸೇರಿದ ತಂಡಗಳನ್ನೆಲ್ಲ ಹೇಳಹೊರಟರೆ ಸಂಚಿಕೆಯ ಪುಟಗಳು ಸಾಲವು. ಎಬರ್ಹಾರ್ಡ್ ವೆಬರ್ ಎಂಬ ಜರ್ಮನ್ ಬಾಸ್ ವಾದಕರ ‘ಯೆಲ್ಲೋ ಫೀಲ್ಡ್ಸ್’ ಎಂಬ 1975ರ ಧ್ವನಿಮುದ್ರಿಕೆಯೊಂದನ್ನು ಮಾತ್ರ ಹೆಸರಿಸುತ್ತೇನೆ. ಅದರಲ್ಲಿ ಮಾರಿಯಾನೊ ಸೊಪ್ರಾನೊ ಸ್ಯಾಕ್ಸೊಫೋನಿನೊಡನೆ ಶಹನಾಯಿ, ನಾಗಸ್ವರಗಳನ್ನೂ ನುಡಿಸಿದ್ದಾರೆ. ಪಾಶ್ಚಾತ್ಯ ವಾದ್ಯಗಳ ನಡುವೆ ನಮ್ಮ ವಾಲಗದ ನಾದ ಎದ್ದು ಬರುವುದನ್ನು ಕೇಳಿದಾಗ ರೋಮಾಂಚನವಾಗುತ್ತದೆ, ನಿಜ. ಆದರೂ ನನ್ನ ಮನಸ್ಸಿನಲ್ಲಿದ್ದುದನ್ನು ಹೇಳಿಬಿಡುತ್ತೇನೆ: ಅಲ್ಲಿ ನಾಗಸ್ವರ ಇನ್ನೂ ಅತಿಥಿಯೇ. ಅದರ ಬಣ್ಣ ಬಂದಿದೆ; ಅದರ ರಾಗ, ತಾಳಗಳ ಸಂಸಾರ ಜೊತೆಗೆ ಬಂದಿಲ್ಲ.

ಅದು ಬಂದದ್ದು ಬೆಂಗಳೂರಿನಿಂದ. 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಎಂಬ ಸಂಸ್ಥೆಯ ಹೆಸರನ್ನು ಸಂಗೀತಾಸಕ್ತರು ಕೇಳಿರಬಹುದು. ಮೃದಂಗ, ಘಟ, ಖಂಜಿರ, ಮೋರ್ಸಿಂಗ್‌ಗಳಂಥ ವಾದ್ಯಗಳನ್ನು ಬರಿಯ ಪಕ್ಕವಾದ್ಯಗಳೆಂದು ನೋಡದೆ ಅವುಗಳಿಗೇ ಒಂದು ವೇದಿಕೆಯನ್ನು ಕಲ್ಪಿಸಿದ ಸಂಸ್ಥೆ ಅದು. ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿ ಅವರೂ ಅವರ ಪತ್ನಿ, ಗಾಯಕಿ ಆರ್. ಎ. ರಮಾಮಣಿ ಅವರೂ ಅದರ ಪ್ರಾಣವಾಗಿ ದುಡಿದವರು. ಇವರೊಡನೆ ಮಾರಿಯಾನೊ ಅವರ ಸ್ನೇಹ ಬೆಳೆಯಿತು. 1983ರಲ್ಲಿ ಎಲ್ಲರೂ ಕೂಡಿ ಜರ್ಮನಿಯಲ್ಲಿ ಮುದ್ರಿಸಿದ್ದೇ ‘ಜ್ಯೋತಿ’. ಜರ್ಮನಿಯ ಇಸಿಎಂ ಎಂಬ ಪ್ರಸಿದ್ಧ ಸಂಸ್ಥೆ ಇದನ್ನು ಹೊರತಂದಿತು. ಘಟ ಮತ್ತು ಮೋರ್ಸಿಂಗ್ ಆರ್. ಎ. ರಾಜಗೋಪಾಲ್, ಖಂಜಿರ ಟಿ. ಎನ್. ಶಶಿಕುಮಾರ್.

‘ಜ್ಯೋತಿ’ಯಲ್ಲಿ ನನಗೆ ಮುಖ್ಯವೆನಿಸಿದ್ದು ಎರಡು ಸಂಗತಿ. ಒಂದು, ಅದರಲ್ಲಿರುವ ರಚನೆಗಳು ರಮಾಮಣಿ ಅವರವು. ವಿದೇಶದ ಪ್ರಸಿದ್ಧ ವಾದಕರೊಬ್ಬರು ನಮ್ಮ ಕಲಾವಿದರನ್ನು ಹಿಂದೆ ಕೂರಿಸಿಕೊಂಡು, ತಮ್ಮ ಹಾಡಿಗೆ ಮೃದಂಗದ ಒಗ್ಗರಣೆ ಹಾಕಿಸಿಕೊಂಡದ್ದಲ್ಲ ಇದು. ಮನೆ ರಮಾಮಣಿ ಅವರದು. ಒಳಗೆ ಬಂದವರು ಮಾರಿಯಾನೊ. ಇಡೀ ಮುದ್ರಿಕೆಯಲ್ಲಿ ಪಿಯಾನೊ ಇಲ್ಲ, ಗಿಟಾರ್ ಇಲ್ಲ. ಸರಿಯುವ ನೆಲದ ಮೇಲೆ ಓಡಿ ಓಡಿ ಅಭ್ಯಾಸವಾಗಿದ್ದ ವಾದಕ ಇಲ್ಲಿ ತಂಬೂರಿಯ ನಿಶ್ಚಲವಾದ ಷಡ್ಜದ ಮುಂದೆ ನಿಂತಿದ್ದಾರೆ. ಆರಂಭದಲ್ಲಿ ರಮಾಮಣಿ ಅವರ ಕಂಠವೊಂದೇ ಕೇಳಿಸುತ್ತದೆ. ಸ್ಯಾಕ್ಸೊಫೋನಿಗೆ ತನ್ನ ಸರದಿ ಬರುವವರೆಗೆ ಕಾಯುವ ಸೌಜನ್ಯವಿದೆ.

ಇನ್ನೊಂದು ಸಂಗತಿ ಇದಕ್ಕಿಂತ ಸೋಜಿಗದ್ದು. ಅಷ್ಟು ಶ್ರಮಪಟ್ಟು ನಾಗಸ್ವರವನ್ನು ಕಲಿತವರು, ಕರ್ನಾಟಕ ಸಂಗೀತದ ಕಲಾವಿದರ ನಡುವೆಯೇ ಕುಳಿತಾಗ ಅದನ್ನು ಹೊರತೆಗೆಯಲಿಲ್ಲ! ‘ಜ್ಯೋತಿ’ಯಲ್ಲಿ ಅವರು ನುಡಿಸಿರುವುದು ಸೊಪ್ರಾನೊ ಮತ್ತು ಆಲ್ಟೊ ಸ್ಯಾಕ್ಸೊಫೋನುಗಳು ಹಾಗೂ ಕೊಳಲು. ಹಾಗಾದರೆ ನಾಗಸ್ವರದ ಅಭ್ಯಾಸ ವ್ಯರ್ಥವಾಯಿತೆ? ಕಿವಿಗೊಟ್ಟು ಕೇಳಿದರೆ ಉತ್ತರ ಸಿಗುತ್ತದೆ. ಕೀಗಳ ಮೆಟ್ಟಿಲುಗಳನ್ನು ತುಟಿಯಿಂದಲೇ ಕರಗಿಸಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಆ ನುಡಿಸಾಣಿಕೆ ಪಾರ್ಕರ್ ಅವರ ಹಾದಿಯಲ್ಲಿ ಸಿಕ್ಕಿದ್ದಲ್ಲ. ಪೀಪಿಯೊಡನೆ ಹೆಣಗಿದ ವರ್ಷಗಳು ಸ್ಯಾಕ್ಸೊಫೋನಿನೊಳಗೆ ಇಳಿದಿವೆ. ವಾದ್ಯವನ್ನು ಕೆಳಗಿಟ್ಟರೂ ವಿದ್ಯೆ ಕೈಬಿಡಲಿಲ್ಲ ಎನ್ನಬೇಕು. ಕಂಠವೂ ಸೊಪ್ರಾನೊವೂ ಜೊತೆಜೊತೆಯಾಗಿ ಸಾಗುವಾಗ ಎರಡೂ ಒಂದೇ ಉಸಿರೆಂಬಂತೆ ಕೇಳಿಸುವ ಎಡೆಗಳಿವೆ.

ಇಂಥ ಪ್ರಯತ್ನಗಳನ್ನು ಕಲಬೆರಕೆಯೆಂದು ಜರೆಯುವವರು ಎರಡು ಕಡೆಯೂ ಉಂಟು. ಅವರ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಎರಡು ಸಂಗೀತಗಳನ್ನು ಒಂದೇ ವೇದಿಕೆಯ ಮೇಲೆ ಕೂರಿಸಿ, ಒಬ್ಬರ ಮಾತು ಒಬ್ಬರಿಗೆ ತಿಳಿಯದೆ, ಕೊನೆಗೆ ವೇಗದಲ್ಲಿ ಪೈಪೋಟಿ ನಡೆಸಿ ಚಪ್ಪಾಳೆ ಗಿಟ್ಟಿಸುವ ಕಾರ್ಯಕ್ರಮಗಳು ಬೇಕಾದಷ್ಟಿವೆ. ‘ಜ್ಯೋತಿ’ಯಲ್ಲಿಯೂ ಶುದ್ಧ ಕಚೇರಿಯ ರಾಗವಿಸ್ತಾರವನ್ನು ನಿರೀಕ್ಷಿಸುವವರಿಗೆ ನಿರಾಶೆಯಾದೀತು. ಮಾರಿಯಾನೊ ರಾಗವನ್ನು ವಿದ್ವಾಂಸರಂತೆ ಬೆಳೆಸುವುದಿಲ್ಲ. ಜಾಜ್‌ನ ಏರುದನಿಯ ಕೂಗು ಅಲ್ಲಲ್ಲಿ ನುಸುಳಿಯೇ ನುಸುಳುತ್ತದೆ. ಆದರೆ ಅವರು ವಿದ್ವಾಂಸರ ವೇಷ ಹಾಕಲೂ ಇಲ್ಲ. ತಮ್ಮ ವಾದ್ಯದಲ್ಲಿ, ತಮ್ಮ ದನಿಯಲ್ಲಿ, ಕಲಿತಷ್ಟನ್ನು ನುಡಿಸಿದರು. ಇದನ್ನು ನಾನು ಕಲಬೆರಕೆಯೆಂದು ಕರೆಯಲಾರೆ.

ಇವರು ಸ್ಯಾಕ್ಸೊಫೋನಿನಿಂದ ನಾಗಸ್ವರದ ಕಡೆಗೆ ನಡೆದರೆ, ಅದೇ ಕಾಲದಲ್ಲಿ ನಮ್ಮವರೊಬ್ಬರು ಇದೇ ದಾರಿಯಲ್ಲಿ ಎದುರುದಿಕ್ಕಿಗೆ ನಡೆಯುತ್ತಿದ್ದರು. ದಕ್ಷಿಣ ಕನ್ನಡದ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರ ತಂದೆ ನಾಗಸ್ವರ ವಾದಕರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮಾರುಹೋದರು. ಆ ವಾದ್ಯಕ್ಕೆ ತಕ್ಕ ಮಾರ್ಪಾಡು ಮಾಡಿಕೊಂಡು, ಅದರಲ್ಲಿ ಗಮಕಗಳು ನುಡಿಯುವಂತೆ ಸಾಧನೆ ಮಾಡಿ, ಕಚೇರಿಯ ವೇದಿಕೆಗೆ ಅದನ್ನು ತಂದರು. 1980ರ ಮುಂಬಯಿ ಜಾಜ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ತಾವೂ ಜೊತೆಗೂಡಿ ನುಡಿಸಿದರು. 1994ರಲ್ಲಿ ಗೋಪಾಲನಾಥರು ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು, 2019ರಲ್ಲಿ ತೀರಿಕೊಂಡರು. ಭಾರತೀಯ ಮೂಲದ ಅಮೆರಿಕನ್ ಜಾಜ್ ವಾದಕ ರುದ್ರೇಶ್ ಮಹಂತಪ್ಪ ಅವರು ಗೋಪಾಲನಾಥರೊಡನೆ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂತು. ನಾಗಸ್ವರದ ಮನೆಯಿಂದ ಹೊರಟವರು ಜಾಜ್ ವಾದಕರ ನಡುವೆ, ಜಾಜ್‌ನಿಂದ ಹೊರಟವರು ಬೆಂಗಳೂರಿನ ಮೃದಂಗದ ಎದುರು!

ಮಾರಿಯಾನೊ ಕೊನೆಯವರೆಗೂ ನುಡಿಸುವುದನ್ನು ಬಿಡಲಿಲ್ಲ. 1992ರಲ್ಲಿ ಲೆಬನಾನಿನ ಊದ್ ವಾದಕ ರಬೀಹ್ ಅಬೂ ಖಲೀಲ್ ಅವರೊಡನೆ ‘ಬ್ಲೂ ಕ್ಯಾಮೆಲ್’ ಎಂಬ ಮುದ್ರಿಕೆಯಲ್ಲಿ ಅರಬ್ಬೀ ಧಾಟಿಗಳಿಗೂ ತಮ್ಮ ಆಲ್ಟೊವನ್ನು ಹೊಂದಿಸಿದರು. 2009ರ ಜೂನ್ 16ರಂದು ಕಲೋನ್ ನಗರದಲ್ಲಿ ತೀರಿಕೊಂಡಾಗ ಅವರಿಗೆ ಎಂಬತ್ತೈದು ವರ್ಷ.

ಇವರನ್ನು ಹೊಸದಾಗಿ ಕೇಳಬೇಕೆನ್ನುವ ಗೆಳೆಯರಿಗೆ ನಾನು ಹೇಳುವ ಕ್ರಮ ಇಷ್ಟೆ: ಮೊದಲು ಮಿಂಗಸ್ ಅವರ 1963ರ ಮುದ್ರಿಕೆ, ಆಮೇಲೆ ‘ಯೆಲ್ಲೋ ಫೀಲ್ಡ್ಸ್’, ಕೊನೆಗೆ ‘ಜ್ಯೋತಿ’. ಮೂರನ್ನೂ ಒಂದೇ ದಿನ ಕೇಳಬೇಡಿ. ‘ಜ್ಯೋತಿ’ಗೆ ಮುಂಚೆ, ಸಾಧ್ಯವಾದರೆ, ಯಾವುದಾದರೂ ಮದುವೆಯಲ್ಲಿ ಊಟದ ಗಂಟೆಗೆ ಮೊದಲು ವಾಲಗದವರ ಹತ್ತಿರ ಹೋಗಿ ಅರ್ಧ ಗಂಟೆ ಸುಮ್ಮನೆ ಕುಳಿತು ಬನ್ನಿ.