ನೀಲಿ ಅಂಗಿ ತೊಟ್ಟು ಕೊಚ್ಚಿಗೆ ಹೋದದ್ದು

ಕಾಸರಗೋಡಿನ ಕನ್ನಡಿಗರಿಗೆ ಯಕ್ಷಗಾನ ಮತ್ತು ಅಡಿಕೆ ಧಾರಣೆ ಬಿಟ್ಟರೆ ಬೇರೆ ಮಾತಿಲ್ಲ, ಫುಟ್ಬಾಲ್ ಏನಿದ್ದರೂ ಮಲಯಾಳಿಗಳ ಸೊತ್ತು ಎಂದು ಘಟ್ಟದ ಮೇಲಿನವರು ತಿಳಿದಿದ್ದರೆ ಅದು ಅರ್ಧ ಮಾತ್ರ ನಿಜ. ಕೊಯ್ಲಾದ ಗದ್ದೆಯಲ್ಲಿ ಎರಡೆರಡು ಅಡಿಕೆ ಸಲಾಕೆ ಊರಿ, ಅದನ್ನೇ ಗೋಲು ಮಾಡಿಕೊಂಡು ಕತ್ತಲಾಗುವ ತನಕ ಆಡಿದವರು ನಮ್ಮಲ್ಲಿ ಎಷ್ಟೋ ಮಂದಿ. ಜಿಲ್ಲೆಯ ತೆಂಕು ತುದಿಯ ತೃಕ್ಕರಿಪುರವಂತೂ ಫುಟ್ಬಾಲ್‌ನ ಊರು. 2016ರಲ್ಲಿ ಕೊಚ್ಚಿಯಲ್ಲಿ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರವಾಗಿ ಗೋಲು ಹೊಡೆದ ಮುಹಮ್ಮದ್ ರಾಫಿ ಅಲ್ಲಿಯವರೇ. ಬೇಸಿಗೆಯ ರಾತ್ರಿ ಸೆವೆನ್ಸ್ ಪಂದ್ಯ ಎಂದರೆ ನಮ್ಮ ಕಡೆಯಿಂದಲೂ ಜೀಪು ತುಂಬಿಸಿಕೊಂಡು ಹೋಗುವವರುಂಟು.

ಆಟ ಯಾವುದು ಎಂಬುದರಲ್ಲಿ ತಕರಾರಿಲ್ಲ. ತಂಡ ಯಾವುದು ಎಂದು ಕೇಳಿದಾಗಲೇ ತೊಡಕು. ನಮ್ಮ ಮನೆಯಲ್ಲಿ ಅಕ್ಕನ ಮಗ ಅಪ್ಪಟ ಹಳದಿ, ಬ್ಲಾಸ್ಟರ್ಸ್‌ನವನು. ನಾನು ನೀಲಿ. 2015ರಲ್ಲಿ ವ್ಯಾಪಾರದ ಲೆಕ್ಕ ಮುಗಿಸಲು ಬೆಂಗಳೂರಿಗೆ ಹೋದವನನ್ನು ಭಾವ ಕಂಠೀರವ ಕ್ರೀಡಾಂಗಣಕ್ಕೆ ಕರಕೊಂಡು ಹೋದರು. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ವರ್ಷವೇ ಐ-ಲೀಗ್ ಗೆದ್ದು, ಆಗ ಎರಡನೆಯ ವರ್ಷದ ಆಟ ನಡೆದಿತ್ತು. ಕಣ್ಣೂರು ಕಡೆಯ ಸಿ.ಕೆ. ವಿನೀತ್, ತೃಶೂರಿನ ರಿನೋ ಆಂಟೊ ಇಬ್ಬರೂ ಆಗ ಈ ನೀಲಿ ತಂಡದವರು. ಇಬ್ಬರೂ ಬ್ಲಾಸ್ಟರ್ಸ್‌ಗೂ ಆಡಿದವರು. ಆಟಗಾರರಿಗೇ ಇಲ್ಲದ ಗಡಿ ನೋಡುವವರಿಗೆ ಎಂತಕ್ಕೆ ಎಂದು ನಾನು ಅಳಿಯನಿಗೆ ಹೇಳುವುದುಂಟು. ಅವನು ಒಪ್ಪುವುದಿಲ್ಲ.

ಹೀಗಿರುವಾಗ 2023ರ ಮಾರ್ಚ್ 3 ಬಂತು. ಕಂಠೀರವದಲ್ಲಿ ಪ್ಲೇ ಆಫ್ ಪಂದ್ಯ, ಹೆಚ್ಚುವರಿ ಸಮಯ. ಬ್ಲಾಸ್ಟರ್ಸ್‌ನವರು ಗೋಡೆ ಕಟ್ಟುವ ಮೊದಲೇ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು, ರೆಫರಿ ಅದನ್ನು ಗೋಲೆಂದೇ ಹೇಳಿದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೋವಿಚ್ ತಮ್ಮ ಹುಡುಗರನ್ನು ಕರಕೊಂಡು ಮೈದಾನ ಬಿಟ್ಟು ಹೊರಟೇ ಹೋದರು. ಪಂದ್ಯ ಬೆಂಗಳೂರಿಗೆ ಸಂದಿತು. ಫುಟ್ಬಾಲ್ ಫೆಡರೇಶನ್ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ. ಗೋಲು ನಿಯಮದ ಪ್ರಕಾರವೇ ಎಂದು ನಾನು, ಮೋಸ ಎಂದು ಅಳಿಯ. ಒಂದು ತಿಂಗಳು ಮಾತುಕತೆ ಊಟಕ್ಕೆ ಬಾ ಎಂಬಷ್ಟಕ್ಕೇ ನಿಂತಿತು. ಈ ಗಲಾಟೆಯಲ್ಲಿ ಯಾರೂ ಗಮನಿಸದೆ ಹೋದದ್ದೊಂದುಂಟು. ಮರುದಿನ, ಮಾರ್ಚ್ 4ಕ್ಕೆ, ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಹಿಂದೆ ಮೈಸೂರು ಎಂಬ ಹೆಸರಿನಲ್ಲಿ ಗೆದ್ದು 54 ವರ್ಷವಾಗಿತ್ತು.

ಮುಂದಿನ ಲೀಗಿನ ಮೊತ್ತಮೊದಲ ಪಂದ್ಯವೇ ಇದೇ ಎರಡು ತಂಡಗಳದ್ದು ಎಂದು ಪಟ್ಟಿ ಬಂತು. 2023ರ ಸೆಪ್ಟೆಂಬರ್ 21, ಗುರುವಾರ, ರಾತ್ರಿ 8 ಗಂಟೆ, ಕೊಚ್ಚಿ. ಅಳಿಯನೇ ಫೋನ್ ಮಾಡಿದ. "ಮಾವ, ಧೈರ್ಯ ಉಂಟಾದ್ರೆ ಬನ್ನಿ. ಆ ನೀಲಿ ಅಂಗಿ ಹಾಕಿಯೇ ಬನ್ನಿ." ಇನ್ನು ಹೋಗದೆ ಇರುವುದುಂಟೇ?

ಮನೆಯಲ್ಲಿ ವಿರೋಧ ಬಂದದ್ದು ಫುಟ್ಬಾಲ್‌ಗಲ್ಲ, ನಿಪಾಕ್ಕೆ. ಆ ತಿಂಗಳು ಕಲ್ಲಿಕೋಟೆ ಜಿಲ್ಲೆಯಲ್ಲಿ ನಿಪಾ ಸೋಂಕಿನಿಂದ ಇಬ್ಬರು ತೀರಿಕೊಂಡಿದ್ದರು, ಅಲ್ಲಿನ ಶಾಲೆಗಳು ಮುಚ್ಚಿದ್ದವು. "ಆ ರೈಲು ಕಲ್ಲಿಕೋಟೆ ದಾಟಿಯೇ ಹೋಗುದಲ್ಲವಾ?" ಎಂದು ಅಮ್ಮ. ಬಾವಲಿ ಚೀಪಿ ಬೀಳಿಸಿದ ಅಡಿಕೆಯನ್ನು ಬೆಳಗಾದರೆ ತೋಟದಿಂದ ಹೆಕ್ಕುವ ನಮಗೆ ಆ ದಿನಗಳಲ್ಲಿ ಅಡಿಕೆ ಮುಟ್ಟಲಿಕ್ಕೂ ಒಂದು ನಮೂನೆ ಅಂಜಿಕೆಯಿತ್ತು ಎಂಬುದು ತೋಟ ಇರುವ ಓದುಗರಿಗೆ ನೆನಪಿರಬಹುದು. ತೋಟದ ಕೆಲಸವೂ ಬಾಕಿ. ಆಗಸ್ಟಿನಲ್ಲಿ ಕೈಕೊಟ್ಟ ಮಳೆ ಸೆಪ್ಟೆಂಬರಿನಲ್ಲಿ ಸುರಿಯತೊಡಗಿ, ಕೊಳೆರೋಗಕ್ಕೆ ಮೈಲುತುತ್ತು ಬಿಡಲು ಒಂದು ದಿನದ ಬಿಸಿಲಿಗೆ ಕಾಯುತ್ತಿದ್ದೆವು. ಚೌತಿ ಕಳೆದು ಎರಡೇ ದಿನ. ಮರ ಹತ್ತುವವನೂ ಹಬ್ಬದ ರಜೆಯಲ್ಲಿದ್ದ. ಅದು ನನಗೆ ಅನುಕೂಲವೇ ಆಯಿತೆನ್ನಿ.

ಪರಶುರಾಮನ ರೈಲು

ಬೆಳಗಿನ ಜಾವ ಕಾಸರಗೋಡಿನಲ್ಲಿ ಪರಶುರಾಮ ಎಕ್ಸ್‌ಪ್ರೆಸ್ ಹಿಡಿದದ್ದು. ಅಲ್ಲಿಂದ ಮೂರೇ ದಿನಕ್ಕೆ, 24ನೇ ತಾರೀಖು, ಕಾಸರಗೋಡಿನಿಂದ ಎರಡನೇ ವಂದೇ ಭಾರತ್ ರೈಲಿನ ಉದ್ಘಾಟನೆಯಾಯಿತು. ನಮ್ಮ ಯೋಗ ಹಾಗೆ. ಆದರೆ ಹೆಸರಿಗೆ ಹೇಳುವುದಾದರೆ ಪರಶುರಾಮನೇ ಸರಿ. ಗೋಕರ್ಣದಿಂದ ಕನ್ಯಾಕುಮಾರಿ ತನಕ ಒಂದೇ ಕೊಡಲಿ ಎಸೆದು ಭೂಮಿ ಬಿಡಿಸಿಕೊಂಡವನು, ನಡುವೆ ಗೆರೆ ಎಳೆದವನಲ್ಲ. ಗೆರೆ ಬಂದದ್ದು 1956ರ ನವೆಂಬರ್ 1ಕ್ಕೆ. ರೈಲು ಕಾಸರಗೋಡು ಬಿಟ್ಟ ಕೂಡಲೇ ಚಂದ್ರಗಿರಿ ಹೊಳೆ ದಾಟುತ್ತದೆ. ಈ ಹೊಳೆಯ ಬಡಗು ದಡ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತ್ತು. ಅಜ್ಜನ ಕಾಲದಲ್ಲಿ ಮನೆಯ ಜಗಲಿಯಲ್ಲಿ ಈ ವಿಷಯಕ್ಕೇ ಜೋರು ಚರ್ಚೆ. ಅಳಿಯ ಆ ಹೊಳೆಯ ಮೇಲೆ ಗೊರಕೆ ಹೊಡೆಯುತ್ತಿದ್ದ.

ಪಯ್ಯನ್ನೂರು, ಕಣ್ಣೂರು, ತಲಶ್ಶೇರಿ, ಪ್ರತಿ ನಿಲ್ದಾಣದಲ್ಲೂ ಹಳದಿ ಅಂಗಿಯ ಹುಡುಗರು ಏರಿದರು. ಬ್ಲಾಸ್ಟರ್ಸ್ ಅಭಿಮಾನಿಗಳ ಕೂಟಕ್ಕೆ ಮಂಜಪ್ಪಡ ಎಂದು ಹೆಸರು. ಮಂಜ ಎಂದರೆ ಅರಿಶಿನ, ನಮ್ಮ ತುಳುವಿನ ಮಂಜಲ್. ಪಡ ಎಂದರೆ ಪಡೆ. ಕಲ್ಲಿಕೋಟೆ ಬರುವಾಗ ಎಲ್ಲರ ಮುಖಕ್ಕೂ ಮಾಸ್ಕ್ ಏರಿತು, ಚಾಯ ಮಾರುವವನ ಕೂಗೂ ತಗ್ಗಿತು. ನನ್ನ ನೀಲಿ ಅಂಗಿ ಇನ್ನೂ ಚೀಲದೊಳಗೇ ಇತ್ತು.

ಎರ್ನಾಕುಳಂ ಟೌನ್‌ನಲ್ಲಿ ಇಳಿದು ಊಟಕ್ಕೆ ಕೂತಾಗ ಕಂಡ ಒಂದು ಸಂಗತಿ ಹೇಳಲೇಬೇಕು. ಛೆಟ್ರಿ ಆ ದಿನ ಕೊಚ್ಚಿಗೆ ಬಂದಿರಲೇ ಇಲ್ಲ. ಭಾರತ ತಂಡದ ಜೊತೆ ಚೀನಾದ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿದ್ದರು. ಅದೇ ಮಧ್ಯಾಹ್ನ ಬಾಂಗ್ಲಾದೇಶದ ಮೇಲೆ ಪಂದ್ಯ. ಕೊನೆಗೆ ಪೆನಾಲ್ಟಿ ಸಿಕ್ಕಿ ಛೆಟ್ರಿಯೇ ಗೋಲು ಮಾಡಿ 1-0ಯಿಂದ ಗೆದ್ದದ್ದು. ಹೋಟೆಲಿನ ಮೇಜಿನ ಮೇಲೆ ಮೊಬೈಲ್ ನಿಲ್ಲಿಸಿಕೊಂಡಿದ್ದ ನಾಲ್ಕು ಹಳದಿ ಅಂಗಿಗಳು ಆ ಗೋಲಿಗೆ ಕುರ್ಚಿ ಬಿಟ್ಟೆದ್ದು ಕುಣಿದವು. ರಾತ್ರಿ ಅದೇ ಛೆಟ್ರಿಯ ಹೆಸರು ಹಿಡಿದು ಬಯ್ಯುವ ಹಾಡು! "ಅದು ಬೇರೆ, ಇದು ಬೇರೆ ಮಾವ" ಎಂದ ಅಳಿಯ, ಸಾಂಬಾರು ಕಲಸುತ್ತಾ.

ಟೌನ್ ಹಾಲ್‌ನಿಂದ ಮೆಟ್ರೋದಲ್ಲಿ ಕಲೂರು ದಾಟಿದರೆ ಸ್ಟೇಡಿಯಂ ನಿಲ್ದಾಣ. 2017ರಲ್ಲಿ ಹದಿನೇಳರ ಒಳಗಿನವರ ವಿಶ್ವಕಪ್‌ನಲ್ಲಿ ಬ್ರೆಜಿಲ್–ಸ್ಪೇನ್ ಆಡಿದ ಮೈದಾನ ಅದು. ಗೇಟಿನ ಬಳಿ ನಾನು ನೀಲಿ ಅಂಗಿ ಹಾಕಿಕೊಂಡೆ. ಅಳಿಯ ಹಳದಿ ಗ್ಯಾಲರಿಗೆ, ನಾನು ಬೆಂಗಳೂರಿನವರಿಗೆ ಬಿಟ್ಟ ಮೂಲೆಗೆ. ಸಾಲಿನಲ್ಲಿ ನಿಂತಿದ್ದ ನನ್ನ ಪ್ರಾಯದ ಒಬ್ಬರು ಎಲ್ಲಿಂದ ಎಂದು ಮಲಯಾಳದಲ್ಲಿ ಕೇಳಿದರು. ಕಾಸರಗೋಡು ಎಂದೆ, ಮಲಯಾಳದಲ್ಲೇ. ಅವರು ಅಂಗಿಯನ್ನೊಮ್ಮೆ ನನ್ನ ಮುಖವನ್ನೊಮ್ಮೆ ನೋಡಿ, "ಕಾಸರಗೋಡಿನವರಾಗಿ ಬೆಂಗಳೂರಿಗಾ ಚೇಟ್ಟಾ?" ಎಂದರು. ಸಿಟ್ಟಿನಿಂದಲ್ಲ, ನಿಜವಾಗಿ ಅರ್ಥವಾಗದೆ. ಮನೆಯಲ್ಲಿ ಕನ್ನಡ ಎಂದೆ. ತಲೆಯಾಡಿಸಿದರು.

ಒಳಗೆ ಹೋದರೆ ಬೆಂಗಳೂರಿನ ಹುಡುಗರು. ರಾತ್ರಿ ಬಸ್ಸಿನಲ್ಲಿ ಬಂದು ನಿದ್ದೆಗಣ್ಣಿನಲ್ಲಿದ್ದರೂ ಡೋಲು ಬಿಟ್ಟಿರಲಿಲ್ಲ. ನನ್ನ ಮಾತು ಕೇಳಿ ಒಬ್ಬ, "ಸಾರ್, ನೀವು ಮಂಗಳೂರಾ?" ಎಂದ. ಕಾಸರಗೋಡಪ್ಪಾ ಎಂದೆ. "ಅದು ಕೇರಳ ಅಲ್ವಾ ಸಾರ್? ನೀವು ಆ ಕಡೆ ಕೂರ್ಬೇಕಿತ್ತು" ಎಂದು ನಕ್ಕ. ಹತ್ತೇ ನಿಮಿಷದೊಳಗೆ ಎರಡೂ ಕಡೆಯಿಂದ ಒಂದೇ ಪ್ರಶ್ನೆ! ಹಳದಿಯವರ ಪ್ರಶ್ನೆಗೆ ನನಗೆ ಬೇಸರವಾಗಲಿಲ್ಲ, ನೀಲಿಯವನದ್ದಕ್ಕೆ ಆಯಿತು. ನಮ್ಮಲ್ಲಿ ಬೆಳೆದ ಅಡಿಕೆ ಮಂಗಳೂರಿಗೆ ಹೋಗುವಾಗ ಯಾರೂ ಹಾಗೆ ಕೇಳುವುದಿಲ್ಲ. ಕ್ಯಾಂಪ್ಕೋ 1973ರಲ್ಲಿ ಎರಡೂ ರಾಜ್ಯದ ಬೆಳೆಗಾರರದ್ದೆಂದೇ ಹುಟ್ಟಿದ ಸಂಸ್ಥೆ. ಡೋಲಿನ ಗದ್ದಲದಲ್ಲಿ ಆ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಅವನು "ಓ, ಸೂಪರ್ ಸಾರ್" ಎಂದು ನನ್ನ ಕೊರಳಿಗೆ ತನ್ನ ನೀಲಿ ಶಾಲು ಹಾಕಿದ. ಎಷ್ಟು ತಿಳಿಯಿತೋ ದೇವರಿಗೇ ಗೊತ್ತು.

ಇನ್ನು ಆಟ. ಮೂವತ್ತು ಸಾವಿರಕ್ಕೂ ಮಿಕ್ಕಿದ ಜನ, ಅದರಲ್ಲಿ ನಾವು ಒಂದು ಚಿಟಿಕೆ. ಮೊದಲರ್ಧದಲ್ಲಿ ಗೋಲಿಲ್ಲ, ಹೇಳುವಂಥದ್ದೂ ಇಲ್ಲ. 52ನೇ ನಿಮಿಷಕ್ಕೆ ಅಡ್ರಿಯನ್ ಲೂನಾ ಹೊಡೆದ ಕಾರ್ನರ್ ನಮ್ಮ ಕೇಜಿಯಾ ವೀನ್‌ಡಾರ್ಪ್‌ಗೆ ತಗಲಿ ನಮ್ಮದೇ ಗೋಲಿನೊಳಗೆ ಬಿತ್ತು. ಆ ಸದ್ದು ಟಿವಿಯಲ್ಲಿ ಕೇಳಿ ತಿಳಿಯುವಂಥದ್ದಲ್ಲ. ಕಾಲಿನಡಿಯ ಕಾಂಕ್ರೀಟು ನಡುಗಿತು. 69ನೇ ನಿಮಿಷದ್ದು ಅದಕ್ಕಿಂತ ಕೆಟ್ಟದು. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಕಾಲಿಗೆ ಬಂದ ಚೆಂಡನ್ನು ಕೂಡಲೇ ದೂರ ಹೊಡೆಯದೆ ತಡಮಾಡಿದರು, ಲೂನಾ ಮೇಲೆ ಬಿದ್ದು ಕಸಿದುಕೊಂಡು ಖಾಲಿ ಗೋಲಿಗೆ ತಳ್ಳಿದರು. ದೇಶದ ನಂಬರ್ ಒನ್ ಗೋಲಿಗೆ ಈ ಉದಾಸೀನ ಸಲ್ಲದು. 90ನೇ ನಿಮಿಷದಲ್ಲಿ ಕರ್ಟಿಸ್ ಮೇನ್ ಒಂದು ಮರಳಿಸಿದಾಗ ನಮ್ಮ ಮೂಲೆಯಲ್ಲಿ ಜೀವ ಬಂತು. ಉಳಿದ ನಿಮಿಷಗಳಲ್ಲಿ ಕೂಗಿ ಕೂಗಿ ನನ್ನ ಸ್ವರವೇ ಹೋಯಿತು. 2-1, ಬ್ಲಾಸ್ಟರ್ಸ್ ಗೆದ್ದಿತು. ನಿಷೇಧದಲ್ಲಿದ್ದ ಇವಾನ್ ಬೆಂಚಿನಲ್ಲಿ ಇರಲೂ ಇಲ್ಲ, ಸಹಾಯಕ ಕೋಚ್ ಫ್ರಾಂಕ್ ಡಾವೆನ್ ನಡೆಸಿದ ಪಂದ್ಯ. ಕಂಠೀರವದ ಲೆಕ್ಕ ಚುಕ್ತಾ ಆಯಿತೆಂದು ಅವರ ಹಾಡು.

ಹಳದಿಯವರು ಖಾಲಿಯಾಗುವ ತನಕ ಪೊಲೀಸರು ನಮ್ಮನ್ನು ಬಿಡಲಿಲ್ಲ. ಹೊರಗೆ ಬಂದಾಗ ಅಳಿಯ ಗೇಟಿನ ಹತ್ತಿರವೇ ಕಾದು ನಿಂತಿದ್ದ, ಕೈಯಲ್ಲಿ ಎರಡು ಪರೋಟ ಪೊಟ್ಟಣ. ಗೇಲಿ ಮಾಡುತ್ತಾನೆಂದು ನಾನು ಮುಖ ಗಟ್ಟಿ ಮಾಡಿಕೊಂಡಿದ್ದೆ. ಅವನು ತನ್ನ ಹಳದಿ ಅಂಗಿಯ ಮೇಲೆ ಮಳೆಕೋಟು ಹಾಕಿ ಗುಂಡಿ ಬಿಗಿದು, "ನಡೀರಿ, ಮಾವೇಲಿ ತಪ್ಪುತ್ತದೆ" ಎಂದ. ದಾರಿಯಲ್ಲಿ ಯಾರೋ ಹುಡುಗರು ನನ್ನ ನೀಲಿಗೆ ಕೂಗಿದಾಗ ಅವನೇ ಮುಂದೆ ಬಂದು, "ಎಂಡೆ ಅಮ್ಮಾವನಾಣು" ಎಂದ. ನನ್ನ ಮಾವ ಇವರು. ಅವರು ಕೈಮುಗಿದು ನಕ್ಕು ದಾರಿ ಬಿಟ್ಟರು.

ಆ ವರ್ಷ ಬೆಂಗಳೂರು ಹನ್ನೆರಡು ತಂಡಗಳಲ್ಲಿ ಹತ್ತನೆಯದಾಗಿ ಮುಗಿಸಿತು, ಅದನ್ನು ಬೆಳೆಸಿ ಬರೆಯುವುದು ಬೇಡ. 2024ರ ಅಕ್ಟೋಬರ್ 25ಕ್ಕೆ ಅದೇ ಕೊಚ್ಚಿಯಲ್ಲಿ 3-1ರಿಂದ ನಾವು ಗೆದ್ದೆವು. ಆ ಸಲ ನಾನು ಮನೆಯಲ್ಲೇ ಟಿವಿ ಮುಂದೆ. ಪಂದ್ಯ ಮುಗಿದ ಕೂಡಲೇ ಅಳಿಯನಿಗೆ ಫೋನ್ ಹಚ್ಚಿದೆ, ಸ್ವಿಚ್ ಆಫ್. ಅಕ್ಕನಿಗೆ ಮಾಡಿದರೆ, "ಅವನು ಮಲಗಿದ್ದಾನಂತೆ, ಹಾಗೆ ಹೇಳ್ಲಿಕ್ಕೆ ಹೇಳಿದ್ದಾನೆ" ಎಂದಳು.