ರಾಮದೇವರ ಬೆಟ್ಟ: ಬಂಡೆಗಳ ನೋಟ ಹಾಗೂ ರಣಹದ್ದುಗಳ ನೆಲೆ – ಪ್ರವಾಸಿಗರಿಗೆ ಮಾಹಿತಿ

ಪೀಠಿಕೆ

ಬೆಂಗಳೂರಿನಿಂದ ನೈಋತ್ಯಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿರುವ ರಾಮನಗರ ಪಟ್ಟಣವು ಹೆಬ್ಬಂಡೆಗಳ ಬೆಟ್ಟಗಳಿಂದ ಸುತ್ತುವರಿದ ಊರು. ಈ ಬೆಟ್ಟಗಳ ಪೈಕಿ ಪಟ್ಟಣಕ್ಕೆ ಸಮೀಪದಲ್ಲಿರುವ ರಾಮದೇವರ ಬೆಟ್ಟವು ನಾಡಿನಾದ್ಯಂತ ಹೆಸರುವಾಸಿಯಾಗಿದೆ. ಭಕ್ತರು ಶ್ರೀ ಪಟ್ಟಾಭಿರಾಮಸ್ವಾಮಿಯ ದರ್ಶನಕ್ಕಾಗಿಯೂ, ಪ್ರವಾಸಿಗರು ಬೆಟ್ಟದ ನೆತ್ತಿಯಿಂದ ಕಾಣುವ ನೋಟಕ್ಕಾಗಿಯೂ, ಚಲನಚಿತ್ರಪ್ರಿಯರು 'ಶೋಲೆ' ಚಿತ್ರದ ನೆನಪಿಗಾಗಿಯೂ ಇಲ್ಲಿಗೆ ಬರುತ್ತಾರೆ.

ಆದರೆ ಇದೇ ಬೆಟ್ಟವು ಭಾರತದ ಮೊದಲ ರಣಹದ್ದು ವನ್ಯಜೀವಿಧಾಮವೂ ಆಗಿದೆ ಎಂಬ ಸಂಗತಿ ಬಂದುಹೋಗುವ ಅನೇಕರ ಗಮನಕ್ಕೆ ಬರುವುದಿಲ್ಲ. ಪ್ರವಾಸಿಗರು ನೋಡಲು ಬರುವ ಕಡಿದಾದ ಬಂಡೆಗಳೇ ಈ ಪಕ್ಷಿಗಳು ಮೊಟ್ಟೆಯಿಟ್ಟು ಮರಿಮಾಡುವ ಸ್ಥಳಗಳಾಗಿರುವುದರಿಂದ, ಇಲ್ಲಿ ಭೇಟಿಯ ರೀತಿಯು ಇತರ ಗಿರಿಧಾಮಗಳಿಗಿಂತ ಭಿನ್ನವಾಗಿರಬೇಕಾಗುತ್ತದೆ. ಈ ಕುರಿತ ವಿವರಗಳನ್ನು ಕೆಳಗೆ ನೀಡಲಾಗಿದೆ.

ಬಂಡೆಗಳು ರೂಪುಗೊಂಡ ಬಗೆ

ರಾಮನಗರದ ಬಂಡೆಗಳನ್ನು ಭೂವಿಜ್ಞಾನಿಗಳು 'ಕ್ಲೋಸ್‌ಪೇಟೆ ಗ್ರಾನೈಟ್' ಎಂದು ಕರೆಯುತ್ತಾರೆ. ಬ್ರಿಟಿಷ್ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಅವರ ಹೆಸರಿನಿಂದ ಈ ಪಟ್ಟಣಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರಿನ ಹೆಸರು ಬದಲಾದರೂ ಕಲ್ಲಿನ ಹೆಸರು ಹಾಗೆಯೇ ಉಳಿದಿದೆ. ಈ ಶಿಲೆಯ ಪಟ್ಟಿಯು ಕರ್ನಾಟಕದಲ್ಲಿ ಉತ್ತರ-ದಕ್ಷಿಣವಾಗಿ ಸುಮಾರು 400 ಕಿ.ಮೀ. ಉದ್ದಕ್ಕೆ ಹಬ್ಬಿದೆ.

ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಕರಗಿದ ಶಿಲಾರಸವು ಹಳೆಯ ಶಿಲೆಗಳ ನಡುವೆ ನುಗ್ಗಿ, ನಿಧಾನವಾಗಿ ತಣಿದು ಗಟ್ಟಿಯಾಯಿತು. ನಿಧಾನವಾಗಿ ತಣಿದ ಕಾರಣ ಹರಳುಗಳು ದೊಡ್ಡದಾಗಿ ಬೆಳೆದವು. ಬೂದು ಮತ್ತು ನಸುಗೆಂಪು ಬಣ್ಣದ ಈ ಕಲ್ಲನ್ನು ಹತ್ತಿರದಿಂದ ನೋಡಿದಲ್ಲಿ ಈ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಮೇಲಿನ ಶಿಲಾಪದರವು ಕಾಲಕ್ರಮದಲ್ಲಿ ಸವೆದುಹೋದಾಗ ಗ್ರಾನೈಟ್ ಹೊರಬಂದಿತು. ಮೇಲಿನ ಭಾರ ಇಳಿದಾಗ ಕಲ್ಲು ಹಿಗ್ಗಿ ಬಿರುಕು ಬಿಟ್ಟಿತು. ಬಿರುಕುಗಳಲ್ಲಿ ಮಳೆಯ ನೀರು ಇಳಿದು, ಮೂಲೆಗಳು ಮೊದಲು ಶಿಥಿಲವಾಗಿ, ಚೌಕಾಕಾರದ ಕಲ್ಲುಗಳು ದುಂಡಾದವು. ಸಡಿಲ ಮಣ್ಣು ಕೊಚ್ಚಿಹೋದ ನಂತರ ಒಂದರ ಮೇಲೊಂದು ಇರಿಸಿದಂತೆ ಕಾಣುವ ಗುಂಡುಗಳು, ಈರುಳ್ಳಿಯ ಸಿಪ್ಪೆಯಂತೆ ಪದರ ಕಳಚಿದ ನುಣುಪಾದ ಬಂಡೆಗಳು ಹಾಗೂ ಗೋಡೆಯಂತೆ ನೆಟ್ಟಗೆ ನಿಂತ ಕಡಿಬಂಡೆಗಳು ಉಳಿದವು.

ಐತಿಹ್ಯ ಮತ್ತು ಚಲನಚಿತ್ರ

ಶ್ರೀರಾಮನು ವನವಾಸದ ಕಾಲದಲ್ಲಿ ಇಲ್ಲಿ ತಂಗಿದ್ದನು ಎಂಬುದು ಸ್ಥಳೀಯ ಐತಿಹ್ಯ. ಬೆಟ್ಟದ ಮೇಲಿನ ಏಳು ಹೆಬ್ಬಂಡೆಗಳನ್ನು ಸಪ್ತರ್ಷಿಗಳೆಂದು ಭಕ್ತರು ಭಾವಿಸುತ್ತಾರೆ. ಶ್ರೀರಾಮನವಮಿಯಂದು ಹಾಗೂ ಶ್ರಾವಣ ಮಾಸದಲ್ಲಿ ಭಕ್ತಾದಿಗಳು ಹೆಚ್ಚಿನ ಸಂಖ್ಯೆಯಲ್ಲಿ ಆಗಮಿಸುತ್ತಾರೆ. ಸೀತೆಯನ್ನು ರಕ್ಷಿಸಲು ಹೋರಾಡಿ ಪ್ರಾಣ ತೆತ್ತ ಜಟಾಯುವನ್ನು ನಮ್ಮ ಜನರು ರಣಹದ್ದಿನ ರೂಪದಲ್ಲಿ ಕಾಣುತ್ತಾರೆ. ರಾಮನ ಹೆಸರಿನ ಬೆಟ್ಟದಲ್ಲಿಯೇ ಈ ಪಕ್ಷಿಯು ಉಳಿದುಕೊಂಡಿರುವುದನ್ನು ಭಕ್ತರು ಈ ಕಥೆಯೊಂದಿಗೆ ಹೊಂದಿಸಿ ಹೇಳುವುದುಂಟು.

ರಮೇಶ್ ಸಿಪ್ಪಿ ನಿರ್ದೇಶನದ 'ಶೋಲೆ' ಚಿತ್ರದ ಚಿತ್ರೀಕರಣವು 1973ರಲ್ಲಿ ಈ ಪರಿಸರದಲ್ಲಿ ಆರಂಭವಾಗಿ, ಚಿತ್ರವು 1975ರ ಆಗಸ್ಟ್ 15ರಂದು ತೆರೆಕಂಡಿತು. ಚಿತ್ರಕ್ಕಾಗಿ ನಿರ್ಮಿಸಿದ್ದ ರಾಮಗಢ ಎಂಬ ಹಳ್ಳಿಯು ಈಗ ಇಲ್ಲ. ಹಿನ್ನೆಲೆಯಲ್ಲಿದ್ದ ಬಂಡೆಗಳನ್ನು ಮಾತ್ರ ಇಂದಿಗೂ ಗುರುತಿಸಬಹುದು. ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ' (1984) ಚಿತ್ರದ ಕೆಲವು ದೃಶ್ಯಗಳನ್ನೂ ಈ ಸೀಮೆಯ ಬೆಟ್ಟಗಳಲ್ಲಿ ಚಿತ್ರೀಕರಿಸಲಾಗಿದೆ.

ರಣಹದ್ದು ವನ್ಯಜೀವಿಧಾಮ

ರಾಜ್ಯ ಸರ್ಕಾರವು 2012ರಲ್ಲಿ ಬೆಟ್ಟವನ್ನು ಒಳಗೊಂಡ 346.41 ಹೆಕ್ಟೇರ್ ಪ್ರದೇಶವನ್ನು ರಣಹದ್ದು ವನ್ಯಜೀವಿಧಾಮವೆಂದು ಘೋಷಿಸಿತು. ಉದ್ದ ಕೊಕ್ಕಿನ ರಣಹದ್ದು ಹಾಗೂ ಬಿಳಿ ರಣಹದ್ದು ಇಲ್ಲಿನ ಮುಖ್ಯ ಪಕ್ಷಿಗಳು. ಇವುಗಳಲ್ಲಿ ಉದ್ದ ಕೊಕ್ಕಿನ ರಣಹದ್ದು ಜಾಗತಿಕವಾಗಿ ತೀವ್ರ ಅಳಿವಿನಂಚಿನಲ್ಲಿದ್ದು, ರಾಮನಗರದಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು ಮಾತ್ರ.

ರಣಹದ್ದುಗಳ ಸಂಖ್ಯೆ ಕುಸಿಯಲು ಜಾನುವಾರುಗಳಿಗೆ ನೀಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವು ನಿವಾರಕವು ಮುಖ್ಯ ಕಾರಣವೆಂಬುದು 2004ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. ಈ ಔಷಧ ಪಡೆದು ಸತ್ತ ಹಸುವಿನ ಮಾಂಸ ತಿಂದ ಹದ್ದುಗಳು ಮೂತ್ರಪಿಂಡ ವಿಫಲವಾಗಿ ಸಾಯುತ್ತವೆ. ಒಂದು ಕಳೇಬರಕ್ಕೆ ಹಲವಾರು ಹದ್ದುಗಳು ಒಟ್ಟಿಗೆ ಇಳಿಯುವುದರಿಂದ, ನೂರರಲ್ಲಿ ಒಂದಕ್ಕಿಂತಲೂ ಕಡಿಮೆ ಕಳೇಬರಗಳಲ್ಲಿ ವಿಷವಿದ್ದರೂ ಇಡೀ ಸಂತತಿ ಕುಸಿಯಲು ಸಾಕಾಗುತ್ತದೆ. 1992 ಮತ್ತು 2007ರ ನಡುವೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳು ಶೇ. 99ಕ್ಕಿಂತ ಹೆಚ್ಚು ಕಡಿಮೆಯಾದವು. ಉದ್ದ ಕೊಕ್ಕಿನ ರಣಹದ್ದು ಮತ್ತು ಅದರ ಸಮೀಪದ ಪ್ರಭೇದವು ಒಟ್ಟಾಗಿ ಸುಮಾರು ಶೇ. 97ರಷ್ಟು ಕಡಿಮೆಯಾದವು. ಕೇಂದ್ರ ಸರ್ಕಾರವು 2006ರಲ್ಲಿ ಪಶುಚಿಕಿತ್ಸೆಗಾಗಿ ಡೈಕ್ಲೋಫೆನಾಕ್ ತಯಾರಿಕೆಯನ್ನೂ, 2023ರಲ್ಲಿ ಕೀಟೋಪ್ರೊಫೆನ್ ಹಾಗೂ ಅಸಿಕ್ಲೋಫೆನಾಕ್ ಔಷಧಗಳ ಪಶುಬಳಕೆಯನ್ನೂ ನಿಷೇಧಿಸಿತು. ರಣಹದ್ದುಗಳಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ಔಷಧವು ಲಭ್ಯವಿದ್ದು, ಜಾನುವಾರು ಮಾಲೀಕರು ಪಶುವೈದ್ಯರನ್ನು ಕೇಳಿ ಅದನ್ನೇ ಬಳಸುವುದು ಸೂಕ್ತ.

ಪ್ರವಾಸಿಗರ ನಡವಳಿಕೆ ಏಕೆ ಮುಖ್ಯ

ಉದ್ದ ಕೊಕ್ಕಿನ ರಣಹದ್ದು ಕಡಿಬಂಡೆಯ ಚಾಚುಗಳಲ್ಲಿ ಗೂಡು ಕಟ್ಟುತ್ತದೆ. ಒಂದು ಜೋಡಿಯು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ತಾಯಿ-ತಂದೆ ಎರಡೂ ಸರದಿಯಂತೆ ಸುಮಾರು ಏಳು ವಾರ ಕಾವು ಕೊಡುತ್ತವೆ. ಮರಿಯು ಹಾರಲು ಮತ್ತೆ ಮೂರು ತಿಂಗಳಿಗೂ ಹೆಚ್ಚು ಕಾಲ ಬೇಕು. ಆ ಮರಿ ಬೆಳೆದು ತಾನೇ ಸಂತಾನೋತ್ಪತ್ತಿ ಮಾಡಲು ಹಲವು ವರ್ಷಗಳಾಗುತ್ತವೆ. ಗದ್ದಲಕ್ಕೆ ಬೆದರಿ ಹಕ್ಕಿಯು ಗೂಡನ್ನು ಬಿಟ್ಟು ಹಾರಿದಲ್ಲಿ ಮೊಟ್ಟೆಯು ತಣಿಯಬಹುದು ಅಥವಾ ಇತರ ಪ್ರಾಣಿಪಕ್ಷಿಗಳ ಪಾಲಾಗಬಹುದು. ಹೀಗೆ ಒಂದು ಗೂಡು ಕೆಟ್ಟರೆ ಆ ಜೋಡಿಯ ಇಡೀ ವರ್ಷ ವ್ಯರ್ಥವಾಗುತ್ತದೆ. ನೂರಾರು ಹಕ್ಕಿಗಳಿರುವ ಕಡೆ ಇದು ಸಣ್ಣ ನಷ್ಟ; ಬೆರಳೆಣಿಕೆಯ ಹಕ್ಕಿಗಳಿರುವ ಕಡೆ ಹಾಗಲ್ಲ.

ಗೂಡು ಕಟ್ಟುವ ಕಾಲವು ಸುಮಾರಾಗಿ ನವೆಂಬರ್‌ನಲ್ಲಿ ಆರಂಭವಾಗಿ ಬೇಸಿಗೆಯವರೆಗೆ ಮುಂದುವರಿಯುತ್ತದೆ. ಹವೆಯು ತಂಪಾಗಿದ್ದು ಪ್ರವಾಸಿಗರು ಬೆಟ್ಟ ಹತ್ತಲು ಇಷ್ಟಪಡುವುದೂ ಇದೇ ಕಾಲದಲ್ಲಿ. ಆದ್ದರಿಂದ ಈ ತಿಂಗಳುಗಳಲ್ಲಿ ವಿಶೇಷ ಎಚ್ಚರಿಕೆ ಅಗತ್ಯ.

ನೋಡುವ ಬಗೆ

ಬೆಟ್ಟದ ಬುಡದಿಂದ ದೇವಾಲಯಕ್ಕೆ ಮೆಟ್ಟಿಲುಗಳಿವೆ. ಮೇಲಿನಿಂದ ಸುತ್ತಲಿನ ಬೆಟ್ಟಸಾಲು, ತೆಂಗಿನ ತೋಟಗಳು ಮತ್ತು ಪಟ್ಟಣವು ಕಾಣುತ್ತವೆ. ಎದುರಿನ ಕಡಿಬಂಡೆಗಳ ಮೇಲೆ ಸುಣ್ಣ ಸುರಿದಂತೆ ಬಿಳಿಯ ಗೆರೆಗಳು ಕಂಡುಬಂದಲ್ಲಿ, ಅವು ಹದ್ದುಗಳು ಕೂರುವ ಅಥವಾ ಗೂಡು ಕಟ್ಟುವ ತಾಣಗಳ ಗುರುತು ಎಂದು ತಿಳಿಯಬಹುದು. ಭಾರವಾದ ಈ ಪಕ್ಷಿಯು ರೆಕ್ಕೆ ಬಡಿದು ಬಹುದೂರ ಹಾರುವುದಿಲ್ಲ. ಬಿಸಿಲಿಗೆ ಬಂಡೆ ಕಾದು ಮೇಲೇಳುವ ಬಿಸಿಗಾಳಿಯನ್ನು ಆಶ್ರಯಿಸಿ ತೇಲುತ್ತದೆ. ಆದುದರಿಂದ ನಸುಕಿನಲ್ಲಿ ಬಂಡೆಯ ಮೇಲೆ ಕುಳಿತಿರುವ ಹದ್ದುಗಳು ಬಿಸಿಲೇರಿದ ಮೇಲೆ ಆಗಸದಲ್ಲಿ ಸುತ್ತುವುದನ್ನು ಕಾಣುವ ಸಂಭವ ಹೆಚ್ಚು. ದುರ್ಬೀನು ತರುವುದು ಉಪಯುಕ್ತ.

ಪಾಲಿಸಬೇಕಾದ ಸೂಚನೆಗಳು

1. ಪ್ರವೇಶದ ವೇಳೆ ಹಾಗೂ ಶುಲ್ಕದ ಬಗ್ಗೆ ಅರಣ್ಯ ಇಲಾಖೆಯ ಪ್ರವೇಶದ್ವಾರದಲ್ಲಿರುವ ಫಲಕವನ್ನು ನೋಡಿ ಅದರಂತೆ ನಡೆದುಕೊಳ್ಳತಕ್ಕದ್ದು.
2. ಮೆಟ್ಟಿಲು ಮತ್ತು ಗುರುತಿಸಿದ ದಾರಿಯನ್ನು ಬಿಟ್ಟು ಹೋಗಬಾರದು. ಗೂಡುಗಳಿರುವ ಬಂಡೆಗಳನ್ನು ಏರಬಾರದು.
3. ಕೂಗಾಟ, ಧ್ವನಿವರ್ಧಕ, ಪಟಾಕಿ ಹಾಗೂ ಡ್ರೋನ್ ಬಳಕೆ ಬೇಡ.
4. ಬೆಂಕಿ ಹಚ್ಚುವುದು ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಅನ್ವಯ ನಿಷಿದ್ಧ.
5. ಪ್ಲಾಸ್ಟಿಕ್ ಮತ್ತು ಆಹಾರದ ಉಳಿಕೆಗಳನ್ನು ವಾಪಸು ಒಯ್ಯಬೇಕು. ಕೋತಿಗಳಿಗೆ ತಿನ್ನಲು ಕೊಡಬಾರದು.
6. ಈ ಅರಣ್ಯದಲ್ಲಿ ಕರಡಿಗಳಿವೆ. ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಒಬ್ಬಂಟಿಯಾಗಿ ತಿರುಗುವುದು ಅಪಾಯಕರ.
7. ಮಳೆ ಬಂದಾಗ ಬಂಡೆಗಳು ಜಾರುತ್ತವೆ. ಅಂಚಿನಲ್ಲಿ ನಿಂತು ಛಾಯಾಚಿತ್ರ ತೆಗೆಯಬಾರದು.
8. ಗಾಯಗೊಂಡ ಅಥವಾ ನೆಲದ ಮೇಲೆ ಬಿದ್ದ ಹದ್ದು ಕಂಡುಬಂದಲ್ಲಿ ಮುಟ್ಟದೆ, ಅರಣ್ಯ ಸಿಬ್ಬಂದಿಗೆ ಕೂಡಲೇ ತಿಳಿಸಬೇಕು.

ತಲುಪುವ ಬಗೆ

2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ ರಾಜ್ಯ ಸರ್ಕಾರವು 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಟ್ಟಿದೆ. ಪಟ್ಟಣದ ಹೆಸರು ರಾಮನಗರವೆಂದೇ ಇದೆ. ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿ ರಾಮನಗರ ನಿಲ್ದಾಣವಿದೆ. ಬಸ್ಸಿನಲ್ಲಿ ಬರುವವರು ಪಟ್ಟಣದೊಳಗೆ ಹೋಗುವ ಬಸ್ಸನ್ನು ಆರಿಸಿಕೊಳ್ಳಬೇಕು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯು ಪಟ್ಟಣದ ಹೊರಗೆ ಹಾದುಹೋಗುವುದರಿಂದ, ಸ್ವಂತ ವಾಹನದವರು ರಾಮನಗರದ ಕಡೆಗೆ ಹೊರಳುವ ದಾರಿಯನ್ನು ಮುಂಚಿತವಾಗಿ ಗಮನಿಸಬೇಕು. ಈ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳನ್ನು ನಿಷೇಧಿಸಿರುವ ಕಾರಣ, ಬೈಕ್ ಸವಾರರು ಸರ್ವಿಸ್ ರಸ್ತೆ ಅಥವಾ ಹಳೆಯ ರಸ್ತೆಯನ್ನು ಬಳಸತಕ್ಕದ್ದು. ಪಟ್ಟಣದಿಂದ ಬೆಟ್ಟದ ಬುಡಕ್ಕೆ ಆಟೋರಿಕ್ಷಾದಲ್ಲಿ ಹೋಗಬಹುದು.

ಬೆಟ್ಟಕ್ಕೆ ಭೇಟಿ ನೀಡುವ ಭಕ್ತಾದಿಗಳು ಹಾಗೂ ಪ್ರವಾಸಿಗರು ಮೇಲಿನ ಸೂಚನೆಗಳನ್ನು ಪಾಲಿಸಿ, ಉಳಿದಿರುವ ಕೆಲವೇ ರಣಹದ್ದುಗಳು ಇಲ್ಲಿಯೇ ನೆಲೆ ನಿಲ್ಲಲು ಸಹಕರಿಸಬೇಕೆಂದು ಕೋರಲಾಗಿದೆ.