ಬಿತ್ತಿದಂತೆ ಬೆಳೆಯದ ಹಣ್ಣು

ಹಣ್ಣು ತಿಂದು ಬೀಜವನ್ನು ಹಿತ್ತಲಿಗೆ ಎಸೆಯುವುದು ಕನ್ನಡನಾಡಿನ ಮನೆಗಳ ಹಳೆಯ ರೂಢಿ. ಎಷ್ಟೋ ಮನೆಗಳ ಪರಂಗಿ, ಸೀಬೆ, ಸೀತಾಫಲ, ಹಲಸಿನ ಗಿಡಗಳು ಹಾಗೆ ಎಸೆದ ಬೀಜದಿಂದಲೇ ತಾವಾಗಿ ಎದ್ದು ನಿಂತವು. ಉದ್ಯೋಗವನ್ನರಸಿ ಮುಂಬಯಿ, ಪುಣೆ, ದೆಹಲಿ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿದ ಕುಟುಂಬಗಳಿಗೆ ಹಿತ್ತಲು ಉಳಿದಿಲ್ಲ. ಕಿಟಕಿಯ ಕಂಬಿಯ ಒಳಗೆ ಜೋಡಿಸಿದ ನಾಲ್ಕು ಕುಂಡಗಳೇ ಅವರ ಹಿತ್ತಲು. ಹಣ್ಣಿನ ಬುಟ್ಟಿಯೂ ಬದಲಾಗಿದೆ. ಹಿಂದೆ ಕಾಯಿಲೆಯವರನ್ನು ನೋಡಲು ಹೋಗುವಾಗ ಮಾತ್ರ ಕೊಳ್ಳುತ್ತಿದ್ದ ಸೇಬು ಈಗ ನಿತ್ಯದ ಹಣ್ಣು. ಅದರ ಪಕ್ಕದಲ್ಲಿ ಉತ್ತರದವರು ನಾಸ್ಪತಿ ಎಂದು ಕರೆಯುವ ಮರಸೇಬೂ ಬಂದು ಕುಳಿತಿದೆ.

ಬೀಜ ಕಂಡರೆ ಬಿತ್ತಬೇಕೆನ್ನುವ ಮನಸ್ಸು ಮಾತ್ರ ಬದಲಾಗಿಲ್ಲ. ಸೇಬು ಹೆಚ್ಚುವಾಗ ಉದುರುವ ಕಂದುಬಣ್ಣದ ಬೀಜಗಳನ್ನು ಕುಂಡದಲ್ಲಿ ಊರಿ, ಇದರಿಂದ ಸೇಬು ಬರುತ್ತದೆಯೇ ಎಂದು ಕೇಳುವ ಮಗು ಅನೇಕ ಮನೆಗಳಲ್ಲಿ ಉಂಟು. ಹಿರಿಯರು ಬರುತ್ತದೆ ಎನ್ನುತ್ತಾರೆ, ಇಲ್ಲವೆ ಈ ಊರಿನಲ್ಲಿ ಬರುವುದಿಲ್ಲ ಎನ್ನುತ್ತಾರೆ. ಎರಡೂ ಅರ್ಧ ಸತ್ಯಗಳು. ಪೂರ್ಣ ಸತ್ಯ ಇವೆರಡಕ್ಕಿಂತ ಸ್ವಾರಸ್ಯಕರವಾಗಿದೆ.

ತಾಯಿ ಗೊತ್ತು, ತಂದೆ ಯಾರೋ

‘ಬಿತ್ತಿದಂತೆ ಬೆಳೆ’ ಎಂಬ ಗಾದೆ ರಾಗಿಗೆ, ಭತ್ತಕ್ಕೆ, ಅವರೆಗೆ ಒಪ್ಪುತ್ತದೆ; ಸೇಬು ಮರಸೇಬುಗಳಿಗೆ ಒಪ್ಪುವುದಿಲ್ಲ. ಇವು ಸಗೋತ್ರ ವಿವಾಹವನ್ನು ಒಲ್ಲದ ಕುಲದ ಮರಗಳು. ಇವುಗಳ ಬಹುತೇಕ ತಳಿಗಳಲ್ಲಿ ಹೂವು ತನ್ನದೇ ಮರದ ಪರಾಗದಿಂದ ಸರಿಯಾಗಿ ಕಾಯಿ ಕಟ್ಟದು; ಅದೇ ತಳಿಯ ಪಕ್ಕದ ಮರದ ಪರಾಗವೂ ಆಗದು. ಬೇರೊಂದು ತಳಿಯ ಪರಾಗವನ್ನು ಜೇನುನೊಣ ಹೊತ್ತು ತರಬೇಕು. ಆದುದರಿಂದಲೇ ಹಿಮಾಚಲದ ತೋಟಗಾರರು ಮುಖ್ಯ ತಳಿಯ ನಡುವೆ ಬೇರೆ ತಳಿಯ ಮರಗಳನ್ನು ನೆಡುತ್ತಾರೆ, ಹೂವಿನ ಕಾಲಕ್ಕೆ ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ತರಿಸುತ್ತಾರೆ.

ಹೀಗೆ ಕಟ್ಟಿದ ಹಣ್ಣಿನ ತಿರುಳು ತಾಯಿಮರದ್ದು. ಒಳಗಿನ ಬೀಜ ಮಾತ್ರ ಇಬ್ಬರ ಸಂತಾನ. ಒಡಹುಟ್ಟಿದ ಮಕ್ಕಳಲ್ಲಿ ರೂಪ ಗುಣಗಳು ಬೇರೆಯಾಗುವಂತೆ ಒಂದೇ ಸೇಬಿನ ಹತ್ತು ಬೀಜಗಳಿಂದ ಹತ್ತು ಬಗೆಯ ಮರಗಳು ಹುಟ್ಟುತ್ತವೆ. ಹೆಚ್ಚಿನವು ಸಣ್ಣ, ಹುಳಿ ಅಥವಾ ಒಗರು ಹಣ್ಣು ಕೊಡುತ್ತವೆ. ತಿಂದ ಹಣ್ಣಿನಂಥದೇ ಹಣ್ಣು ಬೀಜದಿಂದ ಮರಳಿ ಬರುವುದಿಲ್ಲ.

ಈ ವೈವಿಧ್ಯದ ತವರು ಮಧ್ಯ ಏಷ್ಯದ ತಿಯಾನ್ ಶಾನ್ ಪರ್ವತಗಳು. ಇಂದಿನ ಕಜಾಕಸ್ತಾನದ ಅಲ್ಮಾಟಿ ನಗರದ ಸುತ್ತಣ ಬೆಟ್ಟಗಳಲ್ಲಿ ಕಾಡುಸೇಬಿನ ಮರಗಳು ವನವಾಗಿಯೇ ಬೆಳೆದಿವೆ. ರಷ್ಯದ ಸಸ್ಯವಿಜ್ಞಾನಿ ನಿಕೊಲಾಯ್ ವವಿಲೋವ್ 1929ರಲ್ಲಿ ಅಲ್ಲಿಗೆ ಹೋಗಿ ನೋಡಿ, ಸಾಕು ಸೇಬಿನ ಮೂಲ ಇದೇ ಎಂದು ಗುರುತಿಸಿದನು. 2010ರಲ್ಲಿ ಪ್ರಕಟವಾದ ಸೇಬಿನ ಅನುವಂಶಿಕ ಅಧ್ಯಯನವು ಆ ಮಾತನ್ನು ಎತ್ತಿಹಿಡಿಯಿತು.

ಕಸಿಯ ಲಾಭ, ಕಸಿಯ ಅಪಾಯ

ಬೀಜವನ್ನು ನಂಬುವಂತಿಲ್ಲವೆಂದ ಮೇಲೆ ಒಳ್ಳೆಯ ತಳಿಯನ್ನು ಉಳಿಸಿಕೊಳ್ಳಲು ಕಸಿಯೊಂದೇ ದಾರಿ. ಬೇರೊಂದು ಗಿಡದ ಬುಡಕ್ಕೆ ಬೇಕಾದ ಮರದ ಕುಡಿಯನ್ನು ಕೂಡಿಸಿದರೆ, ಮೇಲೆ ಬೆಳೆಯುವುದು ಹೊಸ ಮರವಲ್ಲ, ಹಳೆಯ ಮರದ್ದೇ ಮುಂದುವರಿಕೆ. ಮಾರುಕಟ್ಟೆಯ ಕೆಂಪು ಡೆಲಿಷಸ್ ಸೇಬುಗಳೆಲ್ಲ ಮೂಲತಃ ಒಂದೇ ಮರದವು. ಕಸಿಯೆಂದರೆ ಬಡ್ಡಿದರವನ್ನು ಮೊದಲೇ ಬರೆದುಕೊಟ್ಟ ನಿಶ್ಚಿತ ಠೇವಣಿ. ಬೀಜದಲ್ಲಿ ಅಂಥ ಭರವಸೆ ಇಲ್ಲ.

ಆದರೆ ಎಲ್ಲ ಹಣವನ್ನೂ ಒಂದೇ ಕಡೆ ಇಡುವುದು ವಿವೇಕವಲ್ಲ. ಸಾವಿರ ಮರಗಳೂ ಒಂದೇ ರಕ್ತದವಾದರೆ ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ಸುಲಭವಾಗಿ ಹಬ್ಬುತ್ತದೆ. 1980ರ ದಶಕದ ಆರಂಭದಲ್ಲಿ ಹಿಮಾಚಲದ ತೋಟಗಳಿಗೆ ಕಜ್ಜಿರೋಗ ಎರಗಿದಾಗ ಇದರ ಅನುಭವವಾಯಿತು. ಈಗ ಬೇರೊಂದು ಕಷ್ಟವೂ ಸೇರಿದೆ. ಚಳಿಗಾಲ ಬೆಚ್ಚಗಾಗುತ್ತಿರುವುದರಿಂದ ತಗ್ಗಿನ ಇಳಿಜಾರುಗಳಲ್ಲಿ ಹಳೆಯ ತಳಿಗಳ ಫಸಲು ಕುಗ್ಗಿ, ಸೇಬಿನ ಬೇಸಾಯವು ಮೇಲುಮೇಲಿನ ಬೆಟ್ಟಗಳಿಗೆ ಸರಿಯುತ್ತಿದೆ. ಇಂಥ ಹೊತ್ತಿನಲ್ಲಿ ಹೊಸ ಗುಣ ಬೇಕಾದರೆ ಮತ್ತೆ ಬೀಜದ ಬಾಗಿಲನ್ನೇ ತಟ್ಟಬೇಕು.

ಬೀಜದ ಮಕ್ಕಳ ಕಥೆ

ಇಂದು ಹೆಸರುವಾಸಿಯಾದ ಅನೇಕ ತಳಿಗಳು ಯಾರೋ ಎಸೆದ, ಯಾರೋ ಹವ್ಯಾಸಕ್ಕೆ ಊರಿದ ಬೀಜದಿಂದ ಬಂದವು.

ಇಂಗ್ಲೆಂಡಿನ ಸೌತ್‌ವೆಲ್ ಎಂಬ ಊರಿನಲ್ಲಿ ಮೇರಿ ಆನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ 1809ರಲ್ಲಿ ಸೇಬಿನ ಬೀಜಗಳನ್ನು ಊರಿದಳು. ಅವುಗಳಿಂದ ಎದ್ದ ಮರವೊಂದು ಕಾಲಕ್ರಮದಲ್ಲಿ ಆ ದೇಶದ ಅಡುಗೆಗೆ ಒದಗುವ ಅತಿ ಪ್ರಸಿದ್ಧ ಸೇಬಾಯಿತು. ಹೆಸರು ಮಾತ್ರ ಅವಳದಾಗಲಿಲ್ಲ. ಆ ಮನೆಯನ್ನು 1846ರಲ್ಲಿ ಕೊಂಡ ಬ್ರಾಮ್ಲಿ ಎಂಬ ಕಟುಕನ ಹೆಸರು ನಿಂತಿತು. ಆಸ್ಟ್ರೇಲಿಯದ ಸಿಡ್ನಿಯ ಬಳಿ ಈಸ್ಟ್‌ವುಡ್‌ನಲ್ಲಿ ಮರಿಯಾ ಆನ್ ಸ್ಮಿತ್ ಎಂಬ ವೃದ್ಧೆ ಹಣ್ಣಿನ ಕಸವನ್ನು ಎಸೆದ ಜಾಗದಲ್ಲಿ ಗಿಡವೊಂದು ಹುಟ್ಟಿತೆಂದು ಹೇಳುತ್ತಾರೆ. 1868ರಲ್ಲಿ ಬೆಳಕಿಗೆ ಬಂದ ಆ ಹಸಿರು ಹಣ್ಣೇ ಇಂದಿನ ‘ಗ್ರಾನಿ ಸ್ಮಿತ್’. ಆಕೆ 1870ರಲ್ಲಿ ತೀರಿಕೊಂಡಳು; ತನ್ನ ಹಣ್ಣು ಲೋಕವನ್ನೆಲ್ಲ ಸುತ್ತಿದುದನ್ನು ಕಾಣಲಿಲ್ಲ. ಮರಸೇಬಿನ ಕಥೆಯೂ ಇಂಥದೇ. ಇಂಗ್ಲೆಂಡಿನ ಆಲ್ಡರ್‌ಮಾಸ್ಟನ್‌ನ ಶಾಲಾ ಉಪಾಧ್ಯಾಯರೊಬ್ಬರ ತೋಟದಲ್ಲಿ ಹದಿನೆಂಟನೆಯ ಶತಮಾನದಲ್ಲಿ ಹುಟ್ಟಿದ ಸಸಿಯೊಂದು ಅಲ್ಲಿ ‘ವಿಲಿಯಮ್ಸ್’ ಎಂದೂ ಅಮೆರಿಕದಲ್ಲಿ ‘ಬಾರ್ಟ್‌ಲೆಟ್’ ಎಂದೂ ಹೆಸರಾಯಿತು.

ಭಾರತದ ಕೆಂಪು ಸೇಬಿನ ಮೂಲವೂ ದಾರಿತಪ್ಪಿದ ಒಂದು ಸಸಿಯೇ. ಅಮೆರಿಕದ ಅಯೋವಾ ಪ್ರಾಂತದ ರೈತ ಜೆಸ್ಸಿ ಹಯಟ್ ತನ್ನ ತೋಟದ ಸಾಲಿನಿಂದ ಹೊರಗೆ ಎದ್ದ ಗಿಡವನ್ನು ಕಡಿದನು; ಅದು ಮತ್ತೆ ಚಿಗುರಿತು. ಕೊನೆಗೆ ಬೆಳೆಯಲು ಬಿಟ್ಟನು. ಅದರ ಹಣ್ಣು ‘ಡೆಲಿಷಸ್’ ಎಂಬ ಹೆಸರಿನಿಂದ ನರ್ಸರಿಗಳಿಗೆ ಹೋಯಿತು. 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದು, ಶಿಮ್ಲಾ ಬೆಟ್ಟಗಳ ಕೋಟಗಢದಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ ಆ ತಳಿಯ ಸಸಿಗಳನ್ನು ತರಿಸಿ ನೆಟ್ಟರು. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆಯನ್ನೂ ಕಂಡು, ಮುಂದೆ ಸತ್ಯಾನಂದರೆಂದು ಹೆಸರು ಬದಲಿಸಿಕೊಂಡ ಅವರ ತೋಟದಿಂದ ಆ ಹಣ್ಣು ಹಿಮಾಚಲದ ಬೆಟ್ಟಗಳಿಗೆಲ್ಲ ಹಬ್ಬಿತು. ಹಯಟ್ ಮತ್ತೊಮ್ಮೆ ಕಡಿದಿದ್ದರೆ ಆ ಬೆಟ್ಟಗಳ ಸಂಸಾರಗಳ ಹಣೆಬರಹವೇ ಬೇರೆಯಾಗುತ್ತಿತ್ತು.

ಕನ್ನಡಿಗರಿಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ. ಬೆಂಗಳೂರಿನ ಸುತ್ತಮುತ್ತ ಒಂದು ಕಾಲದಲ್ಲಿ ‘ರೋಮ್ ಬ್ಯೂಟಿ’ ಎಂಬ ಸೇಬು ಬೆಳೆಯುತ್ತಿತ್ತು. ಅದರ ಹುಟ್ಟೂರು ಅಮೆರಿಕದ ಒಹಾಯೊ. ಅಲ್ಲಿ 1817ರಲ್ಲಿ ಕೊಂಡು ತಂದ ಕಸಿಗಿಡವೊಂದರ ಕಸಿಯ ಕೆಳಗಿನಿಂದ, ಅಂದರೆ ಬೀಜದಿಂದ ಬೆಳೆದ ಬುಡದಿಂದಲೇ ಚಿಗುರಿದ ಕೊಂಬೆ ಅದರ ಮೂಲ. ಇದೇ ತಳಿಯನ್ನು ಜಾವಾ ದ್ವೀಪದ ಬಾತು ಪಟ್ಟಣದ ಎತ್ತರದ ನೆಲದಲ್ಲಿ ಇಂದಿಗೂ ಬೆಳೆಯುತ್ತಾರೆ. ಚಳಿಯಿಲ್ಲದ ಆ ನಾಡಿನಲ್ಲಿ ಎಲೆ ತಾನಾಗಿ ಉದುರದು. ಬೇಸಾಯಗಾರರು ಕೈಯಿಂದ ಎಲೆ ತರಿದು ಮರವನ್ನು ಹೂವಿಗೆ ಎಬ್ಬಿಸುತ್ತಾರೆ.

ಪನಿಯಾಲದ ಹಿತ್ತಲು

ಈ ಕಥೆಗಳೆಲ್ಲ ಹಳೆಯವು, ಪರದೇಶದವು ಎನ್ನುವವರಿಗೆ ಹಿಮಾಚಲದ ಬಿಲಾಸಪುರ ಜಿಲ್ಲೆಯ ಪನಿಯಾಲ ಗ್ರಾಮ ಉತ್ತರ ಹೇಳುತ್ತದೆ. ಸಮುದ್ರಮಟ್ಟದಿಂದ ಸುಮಾರು 1,800 ಅಡಿ ಎತ್ತರದ ಬಿಸಿ ಪ್ರದೇಶ ಅದು, ಸೇಬಿನ ಸೀಮೆಯಲ್ಲ. ಅಲ್ಲಿಯ ರೈತ ಹರಿಮನ್ ಶರ್ಮಾ ಅವರ ಮನೆಯಲ್ಲಿ 1998ರಲ್ಲಿ ಸೇಬು ತಿಂದು ಬೀಜಗಳನ್ನು ಹಿತ್ತಲಿಗೆ ಎಸೆದಿದ್ದರು. ಮರುವರ್ಷ ಒಂದು ಸಸಿ ಕಾಣಿಸಿತು. ಕಳೆಯೆಂದು ಕೀಳದೆ ಅವರು ಅದನ್ನು ಕಾಪಾಡಿದರು. 2001ರಲ್ಲಿ ಹಣ್ಣು ಬಿಟ್ಟಿತು. ಅದರ ಕುಡಿಗಳಿಂದ ಕಸಿ ಮಾಡಿದ ಗಿಡಗಳು ‘ಎಚ್.ಆರ್.ಎಂ.ಎನ್.-99’ ಎಂಬ ಹೆಸರಿನಿಂದ ದೇಶದ ಅನೇಕ ರಾಜ್ಯಗಳಿಗೆ ಹೋಗಿವೆ. ಬಯಲುಸೀಮೆಯ ಬೇಸಿಗೆಯನ್ನು ತಾಳಿಕೊಂಡು ಜೂನ್ ತಿಂಗಳಲ್ಲಿ ಹಣ್ಣಾಗುವ ತಳಿ ಇದು. 2025ರಲ್ಲಿ ಶರ್ಮಾ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಿತವಾಯಿತು. ಬೀಜ ಎಸೆಯುವ ಮನೆಗಳು ಅಸಂಖ್ಯ. ಎದ್ದ ಸಸಿಯನ್ನು ನಿಂತು ನೋಡುವವರು ವಿರಳ.

ಬಿತ್ತುವ ಕ್ರಮ

ಸೇಬು ಮರಸೇಬುಗಳ ಬೀಜ ಚಳಿಗಾಲವನ್ನು ಕಳೆದ ಹೊರತು ಮೊಳೆಯುವುದಿಲ್ಲ. ಶರತ್ಕಾಲದಲ್ಲಿ ನೆಲಕ್ಕೆ ಬಿದ್ದೊಡನೆ ಮೊಳೆತರೆ ಎಳೆಯ ಸಸಿ ಹಿಮದಲ್ಲಿ ಸಾಯುವುದರಿಂದ ಪ್ರಕೃತಿ ಈ ಬೀಗವನ್ನು ಹಾಕಿದೆ. ನಗರದ ಮನೆಯಲ್ಲಿ ಆ ಚಳಿಗಾಲವನ್ನು ಫ್ರಿಜ್ಜಿನಲ್ಲಿ ಒದಗಿಸಬೇಕು.

ಚೆನ್ನಾಗಿ ಮಾಗಿದ ಹಣ್ಣಿನಿಂದ ತುಂಬಿಕೊಂಡ ಕಂದುಬೀಜಗಳನ್ನು ಆರಿಸಿ, ತಿರುಳಿನ ಅಂಟು ಹೋಗುವಂತೆ ತೊಳೆಯಬೇಕು. ಒದ್ದೆ ಮಾಡಿ ಹಿಂಡಿದ ತೆಂಗಿನ ನಾರಿನ ಪುಡಿಯಲ್ಲಾಗಲಿ ತೇವದ ಮರಳಿನಲ್ಲಾಗಲಿ ಬೆರೆಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಡಬೇಕು. ಮಂಜುಗಡ್ಡೆಯ ಭಾಗದಲ್ಲಿ ಇಡಕೂಡದು. ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ 60ರಿಂದ 90 ದಿನ ಕಳೆಯಬೇಕು. ವಾರಕ್ಕೊಮ್ಮೆ ತೆರೆದು ತೇವ ನೋಡಿ, ಬೂಸ್ಟು ಹಿಡಿದ ಬೀಜಗಳನ್ನು ತೆಗೆದುಹಾಕಬೇಕು. ಬಿಳಿಯ ಬೇರಿನ ತುದಿ ಇಣುಕಿದವುಗಳನ್ನು ಕುಂಡದಲ್ಲಿ ಅರ್ಧ ಅಂಗುಲ ಆಳಕ್ಕೆ ಊರಬೇಕು. ಎಲ್ಲ ಬೀಜಗಳೂ ಏಳುವುದಿಲ್ಲವಾದ್ದರಿಂದ ಹತ್ತಿಪ್ಪತ್ತು ಬೀಜಗಳಿಂದ ಆರಂಭಿಸುವುದು ಲೇಸು. ಕುಂಡದ ತಳದಲ್ಲಿ ನೀರು ನಿಲ್ಲಬಾರದು. ಮುಂಬಯಿಯ ಮಳೆಗಾಲದಲ್ಲಿ ಬೇರು ಕೊಳೆಯುವುದೇ ದೊಡ್ಡ ಅಪಾಯ. ಬೆಳಗಿನ ಬಿಸಿಲು ಸಾಕು. ದೆಹಲಿ, ಹೈದರಾಬಾದುಗಳ ಮೇ ತಿಂಗಳ ಮಧ್ಯಾಹ್ನಕ್ಕೆ ನೆರಳು ಕೊಡಬೇಕು.

ಸಸಿ ಏಳುವುದು ಸುಲಭ. ಹಣ್ಣು ಬಿಡುವುದು ಬೇರೆ ಮಾತು. ಬೀಜದಿಂದ ಎದ್ದ ಸೇಬು ಸಾಮಾನ್ಯವಾಗಿ ಆರರಿಂದ ಹತ್ತು ವರ್ಷ ಕಾಯಿಸುತ್ತದೆ. ಮರಸೇಬು ಅದಕ್ಕಿಂತಲೂ ನಿಧಾನ. ಜೊತೆಗೆ ಮರಕ್ಕೂ ಪ್ರತಿವರ್ಷ ಚಳಿ ಬೇಕು. ಬೆಟ್ಟದ ತಳಿಗಳು ಸುಮಾರು 7 ಡಿಗ್ರಿಗಿಂತ ಕಡಿಮೆಯ ತಂಪನ್ನು ಒಂದು ಚಳಿಗಾಲದಲ್ಲಿ ಸಾವಿರ ಗಂಟೆಯಷ್ಟು ಬೇಡುತ್ತವೆ. ‘ಅನ್ನಾ’, ‘ಡಾರ್ಸೆಟ್ ಗೋಲ್ಡನ್’ ತಳಿಗಳಿಗೆ ಇನ್ನೂರು ಮುನ್ನೂರು ಗಂಟೆ ಸಾಕು. ಮರಸೇಬಿನಲ್ಲಿ ಪಂಜಾಬಿನ ಬಯಲಿನಲ್ಲಿ ಬೆಳೆಯುವ ಗಟ್ಟಿ ‘ಪತ್ಥರ್‌ನಾಖ್’ ಇದೆ. ದಕ್ಷಿಣದಲ್ಲಿ ಕೊಡೈಕೆನಾಲ್ ಮತ್ತು ನೀಲಗಿರಿಯ ಮರಸೇಬುಗಳಿವೆ. ಇಂಥ ಹಣ್ಣು ದೊರೆತರೆ ಅದರ ಬೀಜದ ಮೇಲೆ ಹೆಚ್ಚು ಭರವಸೆ ಇಡಬಹುದು. ಮುಂಬಯಿ ಚೆನ್ನೈಗಳ ಕಡಲತೀರದ ಸೆಕೆಯಲ್ಲಿ ಬೆಟ್ಟದ ಸೇಬಿನ ಸಸಿ ಎಲೆ ಬಿಡುವುದೇ ಹೊರತು ಹಣ್ಣಿನ ಆಸೆ ಬಲು ಕಡಿಮೆ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ಹಾಗೆಂದು ಸಸಿ ವ್ಯರ್ಥವಲ್ಲ. ಕಾಂಡ ಪೆನ್ಸಿಲಿನಷ್ಟು ದಪ್ಪವಾದಾಗ ಅದರ ಮೇಲೆ ಕಡಿಮೆ ಚಳಿಯ ತಳಿಯೊಂದರ ಕುಡಿಯನ್ನು ಕಸಿ ಮಾಡಬಹುದು. ಬೀಜದಿಂದ ಬಂದ ಬುಡ, ಆರಿಸಿದ ತಳಿಯ ತಲೆ: ಬೆಟ್ಟದ ತೋಟಗಳು ಬಹುಕಾಲ ನಿಂತದ್ದು ಇದೇ ಕ್ರಮದಲ್ಲಿ.

ಬೀಜ ಬಿತ್ತಲಿಕ್ಕೆ, ತಿನ್ನಲಿಕ್ಕಲ್ಲ

ನೂರು ಗ್ರಾಂ ಸೇಬಿನಲ್ಲಿ ಸಿಪ್ಪೆಯೊಡನೆ ಸುಮಾರು 2.4 ಗ್ರಾಂ ನಾರು, ಮರಸೇಬಿನಲ್ಲಿ ಸುಮಾರು 3 ಗ್ರಾಂ ನಾರು ಇರುತ್ತದೆ. ಮಲಬದ್ಧತೆಯವರಿಗೆ ಎರಡೂ ಹಿತ. ಸೋಸಿದ ರಸದಲ್ಲಿ ಈ ನಾರು ಹೋಗಿ ಸಕ್ಕರೆ ಉಳಿಯುವುದರಿಂದ ಮಧುಮೇಹಿಗಳು ರಸಕ್ಕಿಂತ ಇಡೀ ಹಣ್ಣನ್ನು ಮಿತವಾಗಿ ತಿನ್ನುವುದು ಮೇಲು.

ಬೀಜದ ವಿಷಯ ಬೇರೆ. ಅದರಲ್ಲಿ ಅಮಿಗ್ಡಲಿನ್ ಎಂಬ ವಸ್ತುವಿದೆ. ಬೀಜವನ್ನು ಅಗಿದಾಗ ಅಥವಾ ಅರೆದಾಗ ಅದರಿಂದ ಸಯನೈಡ್ ವಿಷ ಹೊರಡುತ್ತದೆ. ಅಕಸ್ಮಾತ್ ನುಂಗಿದ ಒಂದೆರಡು ಇಡೀ ಬೀಜಗಳಿಂದ ಭಯವಿಲ್ಲ, ಗಟ್ಟಿ ಸಿಪ್ಪೆಯೊಡನೆ ಹೊರಗೆ ಹೋಗುತ್ತವೆ. ಆದರೆ ಹಣ್ಣನ್ನು ಬೀಜಸಮೇತ ಮಿಕ್ಸಿಗೆ ಹಾಕುವ ಅಭ್ಯಾಸ ಸಲ್ಲದು, ಮಕ್ಕಳಿಗೆ ಕೊಡುವಾಗಲಂತೂ ಸರ್ವಥಾ ಕೂಡದು. ಇದೇ ಅಮಿಗ್ಡಲಿನ್ನನ್ನು ‘ವಿಟಮಿನ್ ಬಿ-17’ ಎಂದು ಕರೆದು ಅರ್ಬುದ ರೋಗಕ್ಕೆ ಮದ್ದೆಂದು ಪ್ರಚಾರ ಮಾಡುವವರಿದ್ದಾರೆ. ಅದು ವಿಟಮಿನ್ ಅಲ್ಲ. ಅದರಿಂದ ಅರ್ಬುದ ಗುಣವಾಗುವುದೆಂದು ಸಿದ್ಧವಾಗಿಲ್ಲ. ಅದನ್ನು ಸೇವಿಸಿ ವಿಷವೇರಿದ ಪ್ರಸಂಗಗಳು ವೈದ್ಯರ ದಾಖಲೆಯಲ್ಲಿವೆ. ರೋಗಿ ಇರುವ ಮನೆಯವರು ಇಂಥ ಮಾತಿಗೆ ಮರುಳಾಗಿ ಚಿಕಿತ್ಸೆಯ ಕಾಲವನ್ನು ಕಳೆಯಬಾರದು.

ಯಾರಿಗಾಗಿ ಬಿತ್ತುವುದು

ಸೇಬು ಬೇಕೆಂದು ಸೇಬಿನ ಬೀಜ ಬಿತ್ತುವವರಿಗೆ ನಿರಾಶೆ ಕಾದಿದೆ. ಅವರು ಕಸಿಗಿಡವನ್ನು ಕೊಳ್ಳುವುದು ಸರಿ. ಈ ಲೋಕದಲ್ಲಿ ಇದುವರೆಗೆ ಇಲ್ಲದ ಒಂದು ಮರವನ್ನು ಕಾಣುವ ಕುತೂಹಲ ಉಳ್ಳವರು ಬೀಜ ಬಿತ್ತಬೇಕು. ಬಾಡಿಗೆ ಮನೆ, ವರ್ಗಾವಣೆಗಳ ನಡುವೆ ಹತ್ತು ವರ್ಷ ಒಂದು ಕುಂಡವನ್ನು ಕಾಯುವುದು ಕಷ್ಟ. ಎರಡು ವರ್ಷದ ಸಸಿಯನ್ನು ಬೇಸಿಗೆಯ ರಜದಲ್ಲಿ ಊರಿಗೆ ಒಯ್ದು, ಕೊಡಗು ಚಿಕ್ಕಮಗಳೂರುಗಳಂಥ ತಂಪು ಸೀಮೆಯಲ್ಲಿ ನೆಂಟರಿದ್ದರೆ ಅವರ ಹಿತ್ತಲಿನಲ್ಲಿ ಮಳೆ ಹಿಡಿಯುವ ಮುನ್ನ ನೆಡಿಸಬಹುದು. ಹಣ್ಣು ಸಿಹಿಯಾದೀತು, ಹುಳಿಯಾದೀತು. ಹುಳಿಯಾದರೆ ಉಪ್ಪಿನಕಾಯಿಗೆ ಆದೀತು. ನೆಡುವಾಗ ಯಾವ ಹಣ್ಣಿನ ಬೀಜ, ಎಲ್ಲಿ ಕೊಂಡದ್ದು, ಯಾವ ದಿನ ಬಿತ್ತಿದ್ದು ಎಂಬುದನ್ನು ಒಂದು ತಗಡಿನ ಮೇಲೆ ಕೊರೆದು ಬುಡಕ್ಕೆ ಕಟ್ಟುವುದನ್ನು ಮಾತ್ರ ಮರೆಯಬಾರದು. ಹಣ್ಣು ಬಿಡುವ ವೇಳೆಗೆ ಬಿತ್ತಿದ ಮಗು ಕಾಲೇಜಿಗೆ ಹೋಗಿರುತ್ತದೆ. ಮರಕ್ಕೆ ಆಗ ಅದೊಂದೇ ಜಾತಕ.